ಪೊಟ್ಯಾಷ್ ತಿಂದ ಬಸ್ಸು

ಹಳೇ ಗಾಡಿ ನೋಡೋಕೆ ಹೋದವರು ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಎಷ್ಟು ವರ್ಷದಿಂದ ನಿಂತಿದೆ, ಆಯಿಲ್ ಇದೆಯಾ, ಫ್ಲೈವೀಲ್ ತಿರುಗುತ್ತಾ. ನಾನು ಈಗ ಮೊದಲು ಕೇಳೋದು ಬೇರೆ. ನಿಂತ ಮೇಲೆ ಒಳಗೆ ಏನು ತುಂಬಿದ್ರಿ? ಇದನ್ನು ಕೇಳಿದರೆ ಗಾಡಿಯವರು ನನ್ನ ಮುಖ ನೋಡುತ್ತಾರೆ. ನಮ್ಮ ಸಾವ್ಕಾರರು ನಗುತ್ತಾರೆ. ನಗಲಿ. ಕಾರಟಗಿ ಕಡೆಯ ಆ ಬಸ್ಸಿನಲ್ಲಿ ಆದ ಲಾಸಿನಲ್ಲಿ ಅವರ ಪಾಲೇ ಜಾಸ್ತಿ.

ನಾನು ಗಂಗಾವತಿಯಲ್ಲಿ ಒಂದು ಬಾಡಿ ಶೆಡ್ಡಿನಲ್ಲಿ ಮೇಸ್ತ್ರಿ. ನಮ್ಮ ದಿನದ ಕೆಲಸ ಭತ್ತದ ಲಾರಿಗಳ ಬಾಡಿ, ಟ್ರ್ಯಾಕ್ಟರ್ ಟ್ರೇಲರ್, ಸ್ಕೂಲ್ ಬಸ್ಸಿನ ಡೆಂಟು. ಹಳೇ ಬಸ್ಸಿನ ಕೆಲಸ ಬಂದಿದ್ದು ವಾಟ್ಸಾಪ್ ಫೋಟೋದಿಂದ. ರೈಸ್ ಮಿಲ್ಲಿನ ಧಣಿಯೊಬ್ಬರ ಹೊಲದಲ್ಲಿ ಅವರ ಅಪ್ಪನ ಕಾಲದ ಬಸ್ಸು ನಿಂತಿತ್ತು. ಮುಂದೆ ಮೂತಿ ಇರುವ ಬಸ್ಸು. ಅದನ್ನು ರೆಡಿ ಮಾಡಿಸಿ, ಓಡಿಸಿಕೊಂಡು ಮನೆ ಮಂದಿಯನ್ನೆಲ್ಲ ಆನೆಗೊಂದಿಗೆ ಕರೆದುಕೊಂಡು ಹೋಗಬೇಕು ಅನ್ನೋದು ಧಣಿಯ ಆಸೆ. ಸಾವ್ಕಾರರು ಫೋಟೋ ನೋಡಿದರು, ಫೋನಿನಲ್ಲೇ ಗುತ್ತಿಗೆ ರೇಟ್ ಹೇಳಿಬಿಟ್ಟರು. ರೇಟ್ ಹೇಳಿದ ಮೇಲೆ ನನ್ನನ್ನು ಕಳಿಸಿದರು, "ಹೋಗಿ ಒಂದ್ಸಲ ನೋಡಿ ಬಾ ತಮ್ಮಾ" ಅಂತ. ನಮ್ಮ ಶೆಡ್ಡಿನಲ್ಲಿ ಎಸ್ಟಿಮೇಟ್ ಆಗೋದೇ ಹೀಗೆ.

ಹೋಗಿ ನೋಡಿದೆ. ಟಾಟಾ ಮರ್ಸಿಡಿಸ್ ಬೆಂಜ್. ನಮ್ಮ ಕಡೆ ಹಳೇ ಡ್ರೈವರ್‌ಗಳು "ಬೆಂಜ್ ಗಾಡಿ" ಅಂತಾರಲ್ಲ, ಅದೇ. 1954ರಲ್ಲಿ ಟೆಲ್ಕೋದವರು, ಅಂದರೆ ಈಗಿನ ಟಾಟಾ ಮೋಟರ್ಸ್, ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಮಾಡೋಕೆ ಶುರು ಮಾಡಿದ ಗಾಡಿಗಳು. 1969ಕ್ಕೆ ಆ ಒಪ್ಪಂದ ಮುಗಿಯಿತು, ಮೂತಿಯ ಮೇಲಿನ ಬೆಂಜ್ ನಕ್ಷತ್ರವೂ ಹೋಯಿತು. ಈ ಬಸ್ಸಿನಲ್ಲಿ ನಕ್ಷತ್ರ ಇದ್ದ ಜಾಗದಲ್ಲಿ ಎರಡು ತೂತು ಮಾತ್ರ ಉಳಿದಿತ್ತು.

ಬಾನೆಟ್ ಎತ್ತಿ ಚಾಸಿಗೆ, ಅಂದರೆ ಇಡೀ ಗಾಡಿ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ, ಸುತ್ತಿಗೆಯಿಂದ ಬಡಿದೆ. ಟಣ್ ಅಂತು. ಬೆರಳು ದಪ್ಪದ ಆಯಿಲ್ ಮಡ್ಡಿ ಕಟ್ಟಿತ್ತು. ಕೆರೆದರೆ ಕೆಳಗೆ ಕಂಪನಿ ಬಣ್ಣ ಹಾಗೇ ಇತ್ತು. ಹಿಂದೆ ಹೋದೆ. ಒಳಗೆ ಗೊಬ್ಬರದ ಚೀಲಗಳು, ಸೀಟು ಕಿತ್ತು ಸೂರಿನವರೆಗೆ ಪೇರಿಸಿದ್ದರು. ಹಿಂದಿನ ಬಾಗಿಲಲ್ಲಿ ಕಣಜದ ಗೂಡು. ಬಸ್ಸಿನ ಹಿಂಭಾಗದ ಸ್ಕರ್ಟ್, ಅಂದರೆ ಬಾಡಿಯ ಕೆಳ ಅಂಚಿನ ತಗಡು, ಎರೆ ಮಣ್ಣಿನಲ್ಲಿ ಮೊಳದಷ್ಟು ಹೂತಿತ್ತು. ಬಗ್ಗಿ ಟಾರ್ಚ್ ಬಿಟ್ಟರೆ ಕಂಡಿದ್ದು ಮಣ್ಣು. ಮುಂದೆ ಹೀಗಿದ್ದರೆ ಹಿಂದೆ ಇನ್ನೇನು ಕೆಟ್ಟಿರುತ್ತೆ ಅಂದುಕೊಂಡೆ. "ಚಾಸಿ ಗಟ್ಟಿ ಐತ್ರಿ ಸಾವ್ಕಾರ್ರ" ಅಂತ ಅಲ್ಲಿಂದಲೇ ಫೋನ್ ಮಾಡಿದೆ. ಸಾವ್ಕಾರರು ಇವತ್ತಿಗೂ ಆ ಮಾತನ್ನು ನನಗೆ ತಿರುಗಿಸಿ ಹೇಳುತ್ತಾರೆ. ರಾಗ ಸಮೇತ.

ಒಂದೇ ಗಾಡಿಯ ಮುಂದಿನ ಅರ್ಧ ಒಂದು ಕಥೆ, ಹಿಂದಿನ ಅರ್ಧ ಇನ್ನೊಂದು ಕಥೆ. ಮುಂದಿನದನ್ನು ಕಾಪಾಡಿದ್ದು ಎಂಜಿನ್ನಿನ ಲೀಕ್. ವರ್ಷಗಟ್ಟಲೆ ಆಯಿಲ್ ಸೋರಿ, ಧೂಳು ಮೆತ್ತಿ, ಕಬ್ಬಿಣಕ್ಕೆ ಗಾಳಿ ನೀರು ತಾಗಲೇ ಇಲ್ಲ. ಹಿಂದಿನದನ್ನು ತಿಂದಿದ್ದು ಗೊಬ್ಬರ. ಚೀಲದ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಒಂದು ಥರದ ಉಪ್ಪು. ಯೂರಿಯಾ ಗಾಳಿಯಲ್ಲಿರೋ ತೇವ ಎಳೆದುಕೊಂಡು ತಾನೇ ನೀರಾಗುತ್ತದೆ. ಹರಿದ ಚೀಲದಿಂದ ಎರಡೂ ಉದುರಿ, ಕರಗಿ, ಹಲಗೆಯ ಸಂದಿಯಿಂದ ಕೆಳಗಿನ ಕ್ರಾಸ್ ಬೇರರ್ ಮೇಲೆ, ಅಂದರೆ ಬಾಡಿ ಹೊರುವ ಅಡ್ಡ ಪಟ್ಟಿಗಳ ಮೇಲೆ, ಇಳಿದಿದೆ. ಸುಮ್ನೆ ಮಳೆ ನೀರಾದರೆ ಬಿಸಿಲಿಗೆ ಒಣಗುತ್ತೆ. ಉಪ್ಪು ಬಿದ್ದ ಕಬ್ಬಿಣ ಬೇಗ ಒಣಗಲ್ಲ, ತೇವ ಸಿಕ್ಕಾಗೆಲ್ಲ ತುಕ್ಕು ಹಿಡಿಯುತ್ತಲೇ ಇರುತ್ತದೆ. ಇದೆಲ್ಲ ನನಗೆ ಗೊತ್ತಿರದ ವಿಷಯ ಏನಲ್ಲ. ಗೊಬ್ಬರ ಹೊಡೆಯುವ ಟ್ರೇಲರ್‌ಗಳ ತಳ ನಾವೇ ಎಷ್ಟು ಸಲ ಬದಲಾಯಿಸಿದ್ದೇವೆ. ಆದರೆ ಅವತ್ತು ಕಣ್ಣು ಬೆಂಜ್ ಗಾಡಿಯ ಮೂತಿ ಮೇಲೆ ನೆಟ್ಟಿತ್ತು.

ಬಸ್ಸನ್ನು ಹೊಲದಿಂದ ಎಳೆಯೋಕೆ ಬೇಸಿಗೆಗೆ ಕಾದೆವು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಇರುವವರೆಗೆ ಆ ಹೊಲಕ್ಕೆ ಕಾಲಿಡೋಕೂ ಆಗಲ್ಲ. ಕಾಲುವೆ ಬಂದ್ ಆಗಿ, ಭತ್ತ ಕೊಯ್ದು, ನೆಲ ಬಿರುಕು ಬಿಟ್ಟ ಮೇಲೆ ಹೋದೆವು. ಮೇಲೆ ಬಿರುಕು, ಕೆಳಗೆ ಹಸಿ. ಎರೆ ಮಣ್ಣಿನ ಬುದ್ಧಿ ಗೊತ್ತಲ್ಲ.

ಮುಂದಿನ ಚಕ್ರ ಮೊದಲೇ ಬದಲಾಯಿಸಿದ್ದೆವು. ಅದರ ಬಗ್ಗೆ ಒಂದು ಮಾತು, ಹುಡುಗರಿಗೆ ಉಪಯೋಗ ಆಗಲಿ. ಹಳೇ ಚಕ್ರದ ಡಿಸ್ಕಿಗೆ ಲಾಕ್ ರಿಂಗ್ ಇರುತ್ತದೆ, ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆ. ಟೈರ್ ಸಪ್ಪೆ ಕಂಡರೂ ವಾಲ್ವ್ ಪಿನ್ ಬಿಚ್ಚಿ, ಗಾಳಿ ಪೂರ್ತಿ ಹೋಗಿದೆ ಅಂತ ಖಾತ್ರಿ ಆಗೋವರೆಗೆ ನಟ್ಟಿಗೆ ಪಾನಾ ಹಾಕಬೇಡಿ. ಗಾಳಿ ತುಂಬುವಾಗ ಚಕ್ರಕ್ಕೆ ಚೈನ್ ಸುತ್ತಿ ಪಕ್ಕಕ್ಕೆ ನಿಂತುಕೊಳ್ಳಿ. ತುಕ್ಕು ಹಿಡಿದ ರಿಂಗ್ ಸರಿಯಾಗಿ ಕೂರದೆ ಹಾರಿದರೆ ಎದುರಿಗಿದ್ದವರ ತಲೆ ಉಳಿಯಲ್ಲ.

ಮುಂದೆ ಜೆಸಿಬಿ, ಮಧ್ಯೆ ಬಾಡಿಗೆ ಚೈನ್. ಸ್ಟೇರಿಂಗಿಗೆ ನಮ್ಮ ಹೆಲ್ಪರ್ ಹುಡುಗ. ಹಿಂದೆ ಚಾಚಾ, ನಮ್ಮ ಶೆಡ್ಡಿನ ಹಳೇ ಮೆಕ್ಯಾನಿಕ್. ಎಡಗಡೆ ನಾನು. ಬದುವಿನ ಮೇಲೆ ಸಾವ್ಕಾರರು, ಕೈಯಲ್ಲಿ ಮೊಬೈಲ್, ವಿಡಿಯೋ. ಹಿಂದಿನ ಸ್ಕರ್ಟಿನ ಸುತ್ತ ಮಣ್ಣು ಪೂರ್ತಿ ತೆಗೆಯೋಣ ಅಂತ ಚಾಚಾ ಬೆಳಿಗ್ಗೆಯೇ ಹೇಳಿದ್ದರು. ಜೆಸಿಬಿಗೆ ಗಂಟೆ ಲೆಕ್ಕದ ಬಾಡಿಗೆ. "ಎಳದ್ರ ತಾನ ಬರ್ತೈತಿ ಬಿಡ್ರಿ" ಅಂದರು ಸಾವ್ಕಾರರು. ನಾನೂ ಸುಮ್ಮನಿದ್ದೆ. ಚಾಸಿ ಗಟ್ಟಿ ಇದೆ ಅಂತ ಹೇಳಿದವನು ನಾನೇ ಅಲ್ವಾ.

ಚೈನ್ ಬಿಗಿಯಾಯಿತು. ಬಸ್ಸಿನ ಮೂತಿ ಅಲ್ಲಾಡಿತು. ಆಮೇಲೆ ಮೆಲ್ಲಗೆ ಮುಂದಕ್ಕೆ ಬಂತು. ಬದುವಿನ ಮೇಲಿದ್ದವರು ಕೇಕೆ ಹಾಕಿದರು. ನಾನೂ "ಬಂತು, ಬಂತು" ಅಂತ ಕೂಗಿದೆ.

ಮೂತಿ ಬಂತು. ಬಸ್ಸು ಬರಲಿಲ್ಲ.

ಕರ್ರ್ ಅಂತ ಒಂದು ಸದ್ದು. ಮಣ್ಣು ಬಿಡುವ ಸದ್ದು ಬೇರೆ ಇರುತ್ತದೆ, ಇದು ತಗಡು ಹರಿಯುವ ಸದ್ದು. ಬಾನೆಟ್ಟಿಗೂ ಮುಂದಿನ ಗಾಜಿನ ಚೌಕಟ್ಟಿಗೂ ನಡುವೆ ಸಂದಿ ಕಾಣಿಸಿತು. ಮೊದಲು ಬೆರಳು ತೂರುವಷ್ಟು, ನೋಡನೋಡುತ್ತಾ ತಲೆ ತೂರುವಷ್ಟು. ಬಾಡಿಯ ಬುಡ ಮಣ್ಣಿನಲ್ಲಿ ಕಚ್ಚಿಕೊಂಡಿದೆ, ಚಾಸಿ ಅದರ ಅಡಿಯಿಂದ ಜಾರಿ ಹೊರಗೆ ಬರುತ್ತಿದೆ. ಬಾಡಿಯನ್ನು ಚಾಸಿಗೆ ಹಿಡಿದಿಡುವುದು ಕ್ರಾಸ್ ಬೇರರ್ ಮತ್ತು ಯು ಬೋಲ್ಟ್. ಬೇರರ್‌ಗಳೇ ಇರಲಿಲ್ಲ. ಬೇರರ್ ಆಕಾರದ ತುಕ್ಕು ಇತ್ತು, ಅಷ್ಟೇ.

ಸ್ಟೇರಿಂಗ್ ಇರೋದು ಚಾಸಿಯ ಮೇಲೆ, ಡ್ರೈವರ್ ಸೀಟು ಇರೋದು ಬಾಡಿಯ ಮೇಲೆ. ಸ್ಟೇರಿಂಗ್ ಮುಂದಕ್ಕೆ ಹೋಗುತ್ತಿದೆ, ಸೀಟು ನಿಂತಲ್ಲೇ ನಿಂತಿದೆ. ಹುಡುಗ ಸ್ಟೇರಿಂಗ್ ಬಿಡಲಿಲ್ಲ. ಕೈ ಉದ್ದ ಮಾಡಿ, ಸೀಟಿನಿಂದ ಎದ್ದು, ಹೊಟ್ಟೆ ಮೇಲೆ ಬಗ್ಗಿ, ನಕ್ಕ. "ಅಣ್ಣಾ, ಸ್ಟೇರಿಂಗ್ ಓಡಿ ಹೊಂಟೈತಿ!" ಅವನ ತಲೆಯ ಮೇಲೆ ಪಿಲ್ಲರ್‌ಗಳು ಒಂದೊಂದೇ ಮುಂದಕ್ಕೆ ವಾಲುತ್ತಿದ್ದದ್ದು ಅವನಿಗೆ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು.

ಚಾಚಾ ಹಿಂದಿನಿಂದ "ರುಕೋ, ರುಕೋ" ಅಂತ ಕಿರುಚುತ್ತಿದ್ದರು. ಜೆಸಿಬಿ ಸದ್ದಿನಲ್ಲಿ ಯಾರಿಗೆ ಕೇಳಬೇಕು. ನಾನು ಎರಡೂ ಕೈ ಎತ್ತಿ ಬೀಸಿದೆ. ಜೆಸಿಬಿ ಹುಡುಗ ನನ್ನನ್ನು ನೋಡಿದ, ತಲೆ ಆಡಿಸಿದ, ಇನ್ನೂ ಜೋರಾಗಿ ಎಳೆದ. ನಿಲ್ಲಿಸೋಕೆ ಯಾವ ಸನ್ನೆ, ಬರೋಕೆ ಯಾವ ಸನ್ನೆ ಅಂತ ನಾವು ಮಾತಾಡಿಕೊಂಡೇ ಇರಲಿಲ್ಲ. ಬದುವಿನ ಮೇಲೆ ಅಷ್ಟು ಜನ ಕೈ ಬೀಸಿ ಕೇಕೆ ಹಾಕುತ್ತಿರುವಾಗ ನನ್ನದೂ ಖುಷಿ ಅಂತ ಅವನು ತಿಳಿದ. ಆಗ ನಾನು ಓಡಿದೆ, ಚೈನ್ ದಾಟಿ, ಜೆಸಿಬಿ ಕ್ಯಾಬಿನ್ ಹತ್ತಿರ ಹೋಗಿ ಬಾಗಿಲು ಬಡಿದೆ. ನಿಂತಿತು.

ಬಿಗಿಯಾದ ಚೈನ್ ದಾಟಬಾರದು. ಒಂದು ಕೊಂಡಿ ಹೋದರೆ ಏನಾಗುತ್ತೆ ಅನ್ನೋದನ್ನು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೇದರ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಎರಡೂ ದಂಡೆಯ ರೈತರು ಆ ವಾರ ನಿದ್ದೆ ಮಾಡಲಿಲ್ಲ. ನಮ್ಮ ಬಾಡಿಗೆ ಚೈನಿಗೆ ಯಾವ ಟೆಸ್ಟ್ ಸರ್ಟಿಫಿಕೇಟೂ ಇರಲಿಲ್ಲ. "ಚೈನ್ ಏನ್ ನಿಮ್ಮ ಮಾವಂದೇನಲೇ?" ಅಂತ ಚಾಚಾ ಆಮೇಲೆ ಎಲ್ಲರ ಮುಂದೆ ಬೈದರು. ಬೈಸಿಕೊಂಡೆ.

ಎಡ ಬಾಗಿಲು ಚೌಕಟ್ಟು ಸೊಟ್ಟಗಾಗಿ ಕಚ್ಚಿಕೊಂಡಿತ್ತು. ಚೈನ್ ಸಡಿಲ ಬಿಡೋಣ ಅಂದೆ. ಚಾಚಾ ಬೇಡ ಅಂದರು. ಏನು ಎಳೆತದಲ್ಲಿ ನಿಂತಿದೆಯೋ ಅದು ಹಾಗೇ ನಿಲ್ಲಲಿ, ಮೊದಲು ಊರುಗೋಲು ಕೊಡಿ. ಪಕ್ಕದ ಮನೆ ಕಟ್ಟುವಲ್ಲಿಂದ ಸರ್ವೆ ಕಟ್ಟಿಗೆ ತಂದು ಎರಡೂ ಬದಿ ಪಿಲ್ಲರ್‌ಗಳಿಗೆ ಕೊಟ್ಟೆವು. ಹುಡುಗ ಆ ಸಂದಿಯಿಂದಲೇ ಬಾನೆಟ್ ಮೇಲೆ ತೆವಳಿ ಹೊರಗೆ ಬಂದ. ಈಗ ಅವನ ನಗು ನಿಂತಿತ್ತು. ಸಾವ್ಕಾರರ ವಿಡಿಯೋದಲ್ಲಿ ಇದೆಲ್ಲ ಇದೆ, ಕೊನೆಗೆ "ಅಯ್ಯಯ್ಯೋ ನನ್ನ ದುಡ್ಡು" ಅನ್ನುವ ದನಿಯೂ ಇದೆ.

ಬಸ್ಸು ಹೊರಗೆ ಬಂದಿದ್ದು ಚಾಚಾ ಹೇಳಿದ ದಾರಿಯಲ್ಲಿ. ಎರಡೂ ಬೇರೆ ಆಗ್ತೀವಿ ಅಂತಿವೆ, ಆಗಲಿ ಬಿಡಿ ಅಂದರು. ಚೀಲ ಎಲ್ಲ ಇಳಿಸಿ, ಸ್ಕರ್ಟ್ ಸುತ್ತ ಅಗೆದು, ಉಳಿದ ಯು ಬೋಲ್ಟ್‌ಗಳನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ, ಕಿಟಕಿಗಳ ಮೂಲಕ ಅಡ್ಡ ಗರ್ಡರ್ ತೂರಿಸಿ, ಕ್ರೇನಿನಲ್ಲಿ ಬಾಡಿಯನ್ನು ಎತ್ತಿ ಹಿಡಿದೆವು. ಖಾಲಿ ಚಾಸಿ ತನ್ನ ಚಕ್ರದ ಮೇಲೆ ಸಲೀಸಾಗಿ ಉರುಳಿ ಬಂತು. ಗುತ್ತಿಗೆ ರೇಟಿನಲ್ಲಿ ಕ್ರೇನ್ ಇರಲಿಲ್ಲ.

ಶೆಡ್ಡಿಗೆ ತಂದ ಮೇಲೆ ಚಾಚಾ ಚಾಸಿಯ ಉದ್ದಕ್ಕೂ ಸೀಮೆಸುಣ್ಣದಲ್ಲಿ ಗೇಣಿಗೊಂದು ಗೆರೆ ಹಾಕಿದರು. ಎರಡು ಗೆರೆ ನಡುವಿನ ಪ್ರತಿ ಮನೆಯಲ್ಲೂ ಸೆಂಟರ್ ಪಂಚ್, ಅಂದರೆ ಚೂಪು ಉಳಿ, ಇಟ್ಟು ಹೊಡೆಯೋದು. ಪಂಚ್ ಚಿಮ್ಮಿದರೆ ಸರಿ, ಒಳಗೆ ಇಳಿದರೆ ಕೆಂಪು ಗುರುತು. ಮುಂದಿನ ಅರ್ಧದಲ್ಲಿ ಒಂದೂ ಕೆಂಪಿಲ್ಲ. ಹಿಂದಿನ ಆಕ್ಸಲ್ ಮೇಲೆ ಬರೀ ಕೆಂಪು. ಇದನ್ನು ಹೊಲದಲ್ಲೇ ಮಾಡೋಕೆ ಏನೂ ಖರ್ಚಿರಲಿಲ್ಲ. ಒಂದು ಪಂಚು, ಒಂದು ಸುತ್ತಿಗೆ, ನಾಲ್ಕು ಚೀಲ ಸರಿಸೋ ತಾಳ್ಮೆ.

"ತಗಡು ಮುಚ್ಚಿ ವೆಲ್ಡ್ ಹೊಡೀರಿ, ಪುಟ್ಟಿ ಎಳೀರಿ" ಅಂದರು ಸಾವ್ಕಾರರು. ಅಲ್ಲಿ ಮಾತ್ರ ನಾನು ಬಗ್ಗಲಿಲ್ಲ. ಚಾಸಿಯ ಮೇಲಿನ, ಕೆಳಗಿನ ತುಟಿಗೆ, ಅಂದರೆ ಮಡಚಿದ ಅಂಚಿಗೆ, ಅಡ್ಡ ವೆಲ್ಡ್ ಹೊಡೆದರೆ ಲೋಡು ಬಿದ್ದಾಗ ಅದರ ಪಕ್ಕದಲ್ಲೇ ಬಿರಿಯುತ್ತದೆ. ಕೆಟ್ಟ ಭಾಗ ಕತ್ತರಿಸಿ, ಓರೆಯಾಗಿ ಜೋಡಿಸಿ, ಒಳಗಿನಿಂದ ತುದಿ ಚೂಪು ಮಾಡಿದ ಪ್ಲೇಟ್ ಕೊಟ್ಟು ನಡುಭಾಗದಲ್ಲಿ ಬೋಲ್ಟ್ ಹಾಕಿದೆವು. ಬೇರರ್ ಎಲ್ಲ ಹೊಸ ಸಿ ಚಾನೆಲ್. ಬಾಡಿಯ ಅಲ್ಯೂಮಿನಿಯಂ ತಗಡು ಎತ್ತಿದರೆ ಕಬ್ಬಿಣದ ಪಿಲ್ಲರ್ ತಾಗುವ ಕಡೆಯೆಲ್ಲ ಬಿಳಿ ಪುಡಿ. ಎರಡು ಲೋಹ, ನಡುವೆ ತೇವ, ಸಾಕು. ಹೊಸದಾಗಿ ಹೊಡೆಯುವಾಗ ಪ್ರೈಮರ್ ಬಳಿದು, ನಡುವೆ ಟೇಪ್ ಕೊಟ್ಟು ರಿವೆಟ್ ಮಾಡಿದೆವು.

ಹಿಂದಿನ ತಗಡು ಉಜ್ಜುವಾಗ ಪದರ ಪದರ ಬಣ್ಣದ ಕೆಳಗೆ "ಎಂವೈ" ಅಂತ ಶುರುವಾಗುವ ನಂಬರ್ ಸಿಕ್ಕಿತು. ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದ ಕಾಲದ್ದು. ಕರ್ನಾಟಕ ಅಂತ ಆಗಿದ್ದು 1973ರ ನವೆಂಬರಿನಲ್ಲಿ. ಧಣಿ ಬಂದು ನೋಡಿ, ಆ ತಗಡು ಮಾತ್ರ ಬದಲಾಯಿಸಬೇಡಿ ಅಂದರು. ಹಿಂದಿನ ತಗಡಿನಲ್ಲಿ ಅದು ಒಂದೇ ಹಳೇದು ಉಳಿದಿದೆ.

ಎಂಜಿನ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. ಆರು ಸಿಲಿಂಡರ್, ಇಂಜೆಕ್ಟರ್ ಬಿಚ್ಚಿ ಆಯಿಲ್ ಡೀಸೆಲ್ ಸುರಿದು ನೆನೆಯೋಕೆ ಬಿಟ್ಟೆವು, ಪಿಸ್ಟನ್ ಬಿಟ್ಟುಕೊಂಡವು. ಗ್ಯಾಸ್ಕೆಟ್ ಸೆಟ್ ಬೆಂಗಳೂರಿನ ಜೆ.ಸಿ. ರೋಡಿನಿಂದ ಬಂತು. ಎಲ್ಲರೂ ಹೆದರಿದ ಭಾಗವೇ ಎಲ್ಲಕ್ಕಿಂತ ಸುಲಭವಾಯಿತು.

ಆಮೇಲೆ ಬಂತು ನೋಡಿ ಕಾಗದದ ವಿಷಯ. ವಿಂಟೇಜ್ ನಂಬರ್ ಮಾಡಿಸಿಕೊಡ್ತೀನಿ ಅಂತ ಒಬ್ಬ ಏಜೆಂಟ್ ಧಣಿಗೆ ಮೊದಲೇ ಹೇಳಿದ್ದನಂತೆ. 2021ರಲ್ಲಿ ಕೇಂದ್ರದವರು ತಂದ ನಿಯಮ ಇದೆ, ನಿಜ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಫೀಸು 20,000 ರೂಪಾಯಿ, ನಂಬರಿನಲ್ಲಿ "ವಿಎ" ಅಂತ ಬರುತ್ತದೆ. ಆದರೆ ಅದು ಟೂ ವೀಲರ್‌ಗೆ ಮತ್ತು ಡ್ರೈವರ್ ಬಿಟ್ಟು ಎಂಟು ಸೀಟಿನ ಒಳಗಿನ ಗಾಡಿಗೆ ಮಾತ್ರ. ಬಸ್ಸು ಅದರಲ್ಲಿ ಬರೋದೇ ಇಲ್ಲ. ಈ ನಿಯಮ ಓದೋಕೆ ಹತ್ತು ನಿಮಿಷ ಸಾಕು. ಬ್ರೇಕ್, ಸ್ಟೇರಿಂಗ್, ಪ್ರೊಪೆಲರ್ ಶಾಫ್ಟ್ ಎಲ್ಲ ಮುಗಿಸಿ ಬಿಲ್ ಹಾಕಿದ ಮೇಲೆ ಓದಿದೆವು. ಓಡಬೇಕಾ, ನಿಲ್ಲಬೇಕಾ ಅನ್ನೋದು ಮೊದಲೇ ತೀರ್ಮಾನ ಆಗಿದ್ದರೆ ಅರ್ಧ ಕೆಲಸ ಬೇಕಾಗಿರಲಿಲ್ಲ.

ಈಗ ಬಸ್ಸು ಮಿಲ್ಲಿನ ಕಾಂಪೌಂಡ್ ಒಳಗೆ ಗೇಟಿನಿಂದ ಲಾರಿ ತೂಗುವ ವೇ ಬ್ರಿಡ್ಜ್‌ವರೆಗೆ ಓಡುತ್ತದೆ. ಧಣಿಗೆ ಅಷ್ಟಕ್ಕೇ ಖುಷಿ. ಆದರೆ ರೋಡಿಗೆ ಇಳಿಯದ ಗಾಡಿಗೆ ಬ್ರೇಕಿನ ದುಡ್ಡು ನಾನ್ಯಾಕೆ ಕೊಡಲಿ ಅಂತಾರೆ. ಓಡಬೇಕು ಅಂದವರು ನೀವೇ ಅಂತ ಸಾವ್ಕಾರರು. ಕ್ರೇನ್ ಬಾಡಿಗೆ ನನ್ನ ತಲೆಗೆ ಕಟ್ಟೋಕೆ ನೋಡಿದರು. ಫೋಟೋ ನೋಡಿ ರೇಟ್ ಹೇಳಿದವರು ಯಾರು ಅಂತ ಕೇಳಿದೆ. ಅವತ್ತಿನಿಂದ ಆ ಮಾತು ಎತ್ತಿಲ್ಲ. ಸೀಟು ಹೊಲಿದವನು ಮಾತ್ರ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ಅದೂ ನನಗೇ.