ಹಳಿ ಕೆಲಸದ ದಿನ ಉಡುಪಿಯಿಂದ ಏರ್‌ಪೋರ್ಟಿಗೆ ರೈಲಿನಲ್ಲಿ: ಮಂಗಳೂರು ತನಕ ಕೂರಬೇಡಿ

ಮಂಗಳೂರು ಏರ್‌ಪೋರ್ಟಿಗೆ ರೈಲು ಹೋಗುವುದಿಲ್ಲ. ಬೆಂಗಳೂರಿನವರಿಗೆ ದೇವನಹಳ್ಳಿ ಕಡೆ ಒಂದು ಹಾಲ್ಟ್ ಸ್ಟೇಷನ್ನಾದರೂ ಉಂಟು, ನಮಗೆ ಅದೂ ಇಲ್ಲ. ಆದರೂ ಉಡುಪಿ, ಕುಂದಾಪುರ ಕಡೆಯವರು ಮುಕ್ಕಾಲು ದಾರಿ ರೈಲಿನಲ್ಲಿ ಹೋಗಿ, ಉಳಿದದ್ದನ್ನು ರಿಕ್ಷಾದಲ್ಲೋ ಕಾರಿನಲ್ಲೋ ಮುಗಿಸಬಹುದು. ಹೆದ್ದಾರಿ 66ರಲ್ಲಿ ಗುಂಡಿ, ಡೈವರ್ಶನ್, ಕೂಳೂರು ಸೇತುವೆ ಹತ್ತಿರದ ಸಾಲು ಎಲ್ಲ ನೆನೆದರೆ ಇದು ಒಳ್ಳೆಯ ದಾರಿಯೇ. ಖರ್ಚೂ ಕಡಿಮೆ. ತಲೆಬಿಸಿ ಶುರುವಾಗುವುದು ಹಳಿ ಕೆಲಸ ಇರುವ ದಿನ.

ಭಾವನನ್ನು ದುಬೈ ವಿಮಾನಕ್ಕೆ ಬಿಡಲು ಹೋದಾಗ ನಮಗೆ ಸಿಕ್ಕಿದ್ದು ಅಂಥದ್ದೇ ದಿನ. ರಾತ್ರಿಯ ವಿಮಾನ, ಮಧ್ಯಾಹ್ನದ ರೈಲು. ಬ್ಲಾಕ್ ಇದೆ, ಅಂದರೆ ಕೆಲಸಕ್ಕಾಗಿ ಹಳಿ ಮುಚ್ಚುತ್ತಾರೆ ಎಂದು ಹಿಂದಿನ ದಿನವೇ ಗೊತ್ತಿತ್ತು. ಹಾಗಾಗಿ ದಾರಿಯನ್ನು ಬೇರೆ ರೀತಿ ಲೆಕ್ಕ ಹಾಕಿಕೊಂಡು ಹೊರಟೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬ್ಲಾಕ್ ಅಂದರೆ ಏನಾಗುತ್ತದೆ ಎಂದು ತಿಳಿದಿರಲಿ. ಆಗ ಸುಮ್ನೆ ಸಿಟ್ಟು ಬರುವುದಿಲ್ಲ. ಮಂಗಳೂರು–ಉಡುಪಿ ನಡುವೆ 1993ರ ಮಾರ್ಚ್‌ನಲ್ಲಿ ರೈಲು ಓಡಲು ಶುರುವಾದಾಗ ಇದ್ದದ್ದು ಒಂಟಿ ಹಳಿ. ಉಡುಪಿಯಿಂದ ಸುರತ್ಕಲ್ ಆಚೆಯ ತೋಕೂರಿನ ತನಕ ಈಗಲೂ ಒಂಟಿ ಹಳಿಯೇ. ಎದುರಿನಿಂದ ಗಾಡಿ ಬಂದರೆ ಯಾವುದಾದರೂ ಒಂದು ಸ್ಟೇಷನ್ನಿನ ಲೂಪ್ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ನಿಂತು ದಾರಿ ಬಿಡಬೇಕು. ಕೆಲಸದ ದಿನ ಎರಡು ಸ್ಟೇಷನ್‌ಗಳ ನಡುವಿನ ಹಳಿಯನ್ನು ಎರಡು–ಮೂರು ಗಂಟೆ ಪೂರ್ತಿ ಮುಚ್ಚುತ್ತಾರೆ. ಟ್ಯಾಂಪಿಂಗ್ ಮಶೀನು ಜಲ್ಲಿಯನ್ನು ಸ್ಲೀಪರ್ ಅಡಿಗೆ ಒತ್ತುತ್ತಾ ಹೋಗುತ್ತದೆ. ಹಳೆಯ ಹಳಿ ಬದಲಾಯಿಸುವುದು, ವೆಲ್ಡಿಂಗ್ ಮಾಡುವುದು ನಡೆಯುತ್ತದೆ. 2022ರಲ್ಲಿ ಈ ಮಾರ್ಗ ಪೂರ್ತಿ ವಿದ್ಯುತ್ ಆದ ಮೇಲೆ ಮೇಲಿನ ತಂತಿಯ ಕೆಲಸವೂ ಸೇರಿಕೊಂಡಿದೆ. ಮಳೆಗೆ ಮುಂಚೆ, ಏಪ್ರಿಲ್–ಮೇ ಹೊತ್ತಿಗೆ, ಗುಡ್ಡ ಕಡಿದ ಜಾಗಗಳಲ್ಲಿ ಚರಂಡಿ ಬಿಡಿಸುವುದೂ ಇರುತ್ತದೆ.

ಹೆಚ್ಚಿನವರಿಗೆ ಹೊಳೆಯದ ಒಂದು ವಿಷಯ ಉಂಟು. ಬ್ಲಾಕ್ ಮೂರು ಗಂಟೆಗೆ ಮುಗಿಯುತ್ತದೆ ಎಂದರೆ ನಿಮ್ಮ ರೈಲು ಮೂರು ಗಂಟೆಗೆ ಹೊರಡುತ್ತದೆ ಎಂದಲ್ಲ. ಎರಡೂ ಕಡೆ ಗಾಡಿಗಳು ಕಾದು ನಿಂತಿರುತ್ತವೆ. ಒಂದೊಂದನ್ನೇ ಬಿಡಬೇಕು. ನಮ್ಮ ಈ ತುಂಡಿನಲ್ಲಿ ಗೂಡ್ಸ್ ಕೂಡ ಕಡಿಮೆ ಇಲ್ಲ. ಪಣಂಬೂರು ಬಂದರಿನಿಂದ ನಂದಿಕೂರು ಪವರ್ ಪ್ಲಾಂಟಿಗೆ ಕಲ್ಲಿದ್ದಲು ಗಾಡಿ ಹೋಗುತ್ತದೆ. ಲಾರಿಗಳನ್ನು ಹೊತ್ತ ರೋರೋ ಗಾಡಿ ಮಹಾರಾಷ್ಟ್ರದ ಕೋಲಾಡಿನಿಂದ ಸುರತ್ಕಲ್‌ಗೆ ಬರುತ್ತದೆ. ಹಳಿ ತೆರೆದ ಮೇಲೂ ಕೆಲಸ ಆದ ಜಾಗದಲ್ಲಿ ನಿಧಾನ ಹೋಗಬೇಕೆಂದು ಡ್ರೈವರಿಗೆ ಕಾಶನ್ ಕೊಟ್ಟಿರುತ್ತಾರೆ. ಹಾಗಾಗಿ ಬ್ಲಾಕ್ ಮುಗಿಯುವ ಹೊತ್ತಿಗೆ ಕಡಿಮೆ ಎಂದರೂ ಒಂದು ಗಂಟೆ ಸೇರಿಸಿ ಲೆಕ್ಕ ಹಾಕಿ.

ಹೊರಡುವ ಹಿಂದಿನ ರಾತ್ರಿ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ನೋಡಿ, ಇಲ್ಲವೇ 139ಕ್ಕೆ ಫೋನ್ ಮಾಡಿ. ಪ್ರಕಟಣೆಯಲ್ಲಿ ನಿಮ್ಮ ರೈಲನ್ನು ಇಷ್ಟು ನಿಮಿಷ 'ರೆಗ್ಯುಲೇಟ್' ಮಾಡುತ್ತೇವೆ ಎಂದಿದ್ದರೆ ದಾರಿಯಲ್ಲಿ ನಿಲ್ಲಿಸುತ್ತಾರೆ ಎಂದೇ ತಿಳಿಯಿರಿ. 'ಶಾರ್ಟ್ ಟರ್ಮಿನೇಟ್' ಎಂದಿದ್ದರೆ ರೈಲು ಕೊನೆಯ ತನಕ ಹೋಗದೆ ನಡುವೆಯೇ ಮುಗಿಯುತ್ತದೆ, ಯಾವ ಸ್ಟೇಷನ್ನಿನಲ್ಲಿ ಎಂದು ಸರಿಯಾಗಿ ಓದಿ. ಸುರತ್ಕಲ್ ಎಂದಿದ್ದರೆ ಬೇಜಾರು ಬೇಡ, ಏರ್‌ಪೋರ್ಟಿಗೆ ಹೋಗಲು ನಿಮಗೆ ಬೇಕಾದದ್ದೇ ಅದು.

ಯಾವ ರೈಲು ಎಂಬುದೂ ಮುಖ್ಯ. ಇಂಥ ದಿನ ವೇಗದ ರೈಲಿಗಿಂತ ಜಾಸ್ತಿ ಕಡೆ ನಿಲ್ಲುವ ರೈಲೇ ವಾಸಿ. ಪ್ಯಾಸೆಂಜರ್ ಅಥವಾ ಮೆಮು ಆದರೆ ಇನ್ನಂಜೆ, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಎಲ್ಲ ಕಡೆ ನಿಲ್ಲುತ್ತದೆ. ಬೇಕಾದಲ್ಲಿ ಇಳಿಯಬಹುದು. ವಂದೇ ಭಾರತ್ ಉಡುಪಿ ಬಿಟ್ಟರೆ ಮಂಗಳೂರು ಸೆಂಟ್ರಲ್‌ಗೇ ನಿಲ್ಲುವುದು. ನಡುವೆ ಸಿಕ್ಕಿಬಿದ್ದರೆ ಎಸಿ ಡಬ್ಬಿಯಲ್ಲಿ ಕೂತು ವಿಮಾನದ ಟೈಮ್ ಎಣಿಸಬೇಕು, ಅಷ್ಟೇ. ಎಕ್ಸ್‌ಪ್ರೆಸ್ ಆದರೆ ಮೂಲ್ಕಿ, ಸುರತ್ಕಲ್‌ನಲ್ಲಿ ಸ್ಟಾಪ್ ಇದೆಯೇ ನೋಡಿಯೇ ಟಿಕೆಟ್ ಮಾಡಿ.

ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ, ಪೇಟೆಯಿಂದ ಆಚೆ. ಅಲ್ಲಿಯ ಸೇತುವೆ ಕೆಲಸ ಎಷ್ಟು ವರ್ಷ ಎಳೆಯಿತು ಎಂದು ಉಡುಪಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಪೋರ್ಟರ್ ಸಿಗುತ್ತಾರೆಂದು ನಂಬಬೇಡಿ. ದೊಡ್ಡ ಪೆಟ್ಟಿಗೆಗಳಿದ್ದರೆ ಇಳಿಸಲು ಒಬ್ಬರು ಜೊತೆಗಿರಲಿ. ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎಂದು ಅಕ್ಕ ಕಟ್ಟಿಕೊಟ್ಟ ರಟ್ಟಿನ ಬಾಕ್ಸು ಭಾವನ ಸೂಟ್‌ಕೇಸಿಗಿಂತ ಭಾರ ಇತ್ತು.

ನಮ್ಮ ರೈಲು ಸ್ವಲ್ಪ ತಡವಾಗಿ ಹೊರಟಿತು. ಪಡುಬಿದ್ರಿಯಲ್ಲಿ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಎದುರಿನಿಂದ ಒಂದು ಗೂಡ್ಸ್ ಹೋಯಿತು. ಆಮೇಲೂ ನಮಗೆ ಸಿಗ್ನಲ್ ಇಲ್ಲ. ಭಾವ ಬಾಗಿಲಲ್ಲಿ ನಿಂತು ನೋಡುವುದು, ಬಂದು ಕೂರುವುದು ಮಾಡುತ್ತಿದ್ದರು.

"ಎಂತ ಮಾರಾಯ, ಇಲ್ಲೇ ಇಳಿದು ಟ್ಯಾಕ್ಸಿ ಮಾಡುವನಾ?" ಎಂದರು.

"ಮೂಲ್ಕಿ ಬರ್ಲಿ ಭಾವ. ಅಲ್ಲಿ ನೋಡುವ," ಎಂದೆ.

ಹಾಗೆ ಹೇಳಲು ಕಾರಣ ಇತ್ತು. ಈ ದಾರಿಯಲ್ಲಿ ರೈಲು ಬಿಟ್ಟು ರಸ್ತೆ ಹಿಡಿಯಲು ಎರಡು ಒಳ್ಳೆಯ ಜಾಗಗಳಿವೆ. ಮೊದಲನೆಯದು ಮೂಲ್ಕಿ. ಅಲ್ಲಿಂದ ಕಿನ್ನಿಗೋಳಿ, ಕಟೀಲು ಮೇಲೆ ಏರ್‌ಪೋರ್ಟಿನ ಹತ್ತಿರದ ಬಜಪೆಗೆ ರಸ್ತೆ ಇದೆ. ಹೆದ್ದಾರಿಯ ಗೊಡವೆಯೇ ಇಲ್ಲ. ಮಂಗಳೂರು ಪೇಟೆಯೂ ಸಿಗುವುದಿಲ್ಲ. ತಿರುವು ಜಾಸ್ತಿ, ಆದರೆ ದಾರಿ ಚಂದ. ಶುಕ್ರವಾರ ಅಥವಾ ಹಬ್ಬದ ದಿನ ಮಾತ್ರ ಕಟೀಲು ದೇವಸ್ಥಾನದ ಹತ್ತಿರ ವಾಹನಗಳ ಸಾಲು ಇರುತ್ತದೆ, ಅದಕ್ಕೆ ಸಮಯ ಇಟ್ಟುಕೊಳ್ಳಿ. ಎರಡನೆಯದು ಸುರತ್ಕಲ್. ಅಲ್ಲಿಂದ ಕಾಟಿಪಳ್ಳ, ಕಳವಾರು ಮೇಲೆ ಬಜಪೆ. ಇದು ಇನ್ನೂ ಹತ್ತಿರ. ಪಡುಬಿದ್ರಿಯಲ್ಲಿ ಇಳಿದರೆ ರಸ್ತೆಯಲ್ಲಿ ಹೋಗಬೇಕಾದ ದೂರ ಜಾಸ್ತಿ, ದುಡ್ಡೂ ಜಾಸ್ತಿ. ಸುರತ್ಕಲ್ ದಾಟಿದರೆ ಮಾತ್ರ ನಿಮ್ಮ ಕೈ ಕಟ್ಟಿದ ಹಾಗೆ. ಮಂಗಳೂರು ಜಂಕ್ಷನ್ ಬರುವ ತನಕ ಲಗೇಜು ಹಿಡಿದು ಇಳಿಯುವಂಥ ಜಾಗ ಇಲ್ಲ.

ನಾನು ಹಾಕಿಕೊಂಡ ಲೆಕ್ಕ ಇಷ್ಟೇ. ಮೂಲ್ಕಿಗೆ ಬಂದಾಗ ಚೆಕ್‌ಇನ್ ಮುಚ್ಚಲು ಮೂರು ಗಂಟೆಗಿಂತ ಕಡಿಮೆ ಉಳಿದಿದ್ದರೆ, ಮುಂದೆ ಬ್ಲಾಕ್ ಇನ್ನೂ ತೆರೆದಿರದಿದ್ದರೆ, ಇಳಿದುಬಿಡುವುದು. ಅದಕ್ಕಿಂತ ಜಾಸ್ತಿ ಸಮಯ ಇದ್ದರೆ ಸುರತ್ಕಲ್ ತನಕ ಕೂರುವುದು. ನಮಗೆ ಸಮಯ ಇತ್ತು, ಕೂತೆವು. ಮೂಲ್ಕಿ ಬಿಟ್ಟ ಮೇಲೆ ರೈಲು ನಡೆದುಕೊಂಡು ಹೋದ ಹಾಗೆ ಹೋಯಿತು. ಹಳಿ ಬದಿಯಲ್ಲಿ ಹೊಸ ಜಲ್ಲಿಯ ರಾಶಿ, ಕಿತ್ತಳೆ ಜಾಕೆಟ್ ಹಾಕಿದ ಕೆಲಸದವರು. ಬಿಸಿಲಲ್ಲಿ ಅವರನ್ನು ನೋಡಿದ ಮೇಲೆ ಡಬ್ಬಿಯಲ್ಲಿ ಗೊಣಗಾಟ ಸ್ವಲ್ಪ ಕಡಿಮೆ ಆಯಿತು.

ಸುರತ್ಕಲ್ ಸ್ಟೇಷನ್ ಪೇಟೆಯ ಒಳಗಿಲ್ಲ. ಹೊರಗೆ ರಿಕ್ಷಾಗಳಿರುತ್ತವೆ, ಆದರೆ ಬ್ಲಾಕ್ ದಿನ ಇಡೀ ರೈಲಿನ ಜನ ಒಮ್ಮೆಲೇ ಇಳಿದರೆ ಸಾಲುವುದಿಲ್ಲ. ರೈಲು ಮೂಲ್ಕಿ ಬಿಟ್ಟ ಕೂಡಲೇ ಟ್ಯಾಕ್ಸಿಗೆ ಫೋನ್ ಮಾಡಿ ಇಟ್ಟರೆ ಒಳ್ಳೆಯದು. ಆ್ಯಪಿನಲ್ಲಿ ಬುಕ್ ಮಾಡಿದ ಕಾರು ಕೊನೆ ಗಳಿಗೆಯಲ್ಲಿ ಕ್ಯಾನ್ಸಲ್ ಆಗುವುದು ಉಂಟು. ಪರಿಚಯದ ಡ್ರೈವರ್ ಇದ್ದರೆ ಅವರೇ ವಾಸಿ. ನಾವು ರಿಕ್ಷಾದಲ್ಲೇ ಹೋದೆವು. ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ. "ಏರ್‌ಪೋರ್ಟಾ? ಲಗೇಜು ಇಷ್ಟುಂಟಲ್ಲ ಅಣ್ಣ," ಎಂದು ಶುರುವಾಗುತ್ತದೆ. ಲಗೇಜು ತೋರಿಸಿಯೇ ರೇಟು ಕೇಳಿದರೆ ಆಮೇಲೆ ಕಿರಿಕಿರಿ ಇಲ್ಲ. ಕಾಟಿಪಳ್ಳ ರಸ್ತೆಯಲ್ಲಿ ಟ್ಯಾಂಕರ್, ಲಾರಿ ಇರುತ್ತವೆ, ಹತ್ತಿರದಲ್ಲೇ ಎಂಆರ್‌ಪಿಎಲ್ ತೈಲ ಶುದ್ಧೀಕರಣ ಕಾರ್ಖಾನೆ ಇದೆಯಲ್ಲ. ಹಾಗಾಗಿ ಸುರತ್ಕಲ್‌ನಿಂದ ಟರ್ಮಿನಲ್ ತನಕ ಒಂದು ಗಂಟೆ ಇಟ್ಟುಕೊಳ್ಳಿ. ಬೇಗ ತಲುಪಿದರೆ ಲಾಭ. ಎಲ್ಲರೂ ಬಜಪೆ ಏರ್‌ಪೋರ್ಟ್ ಎಂದೇ ಹೇಳುವುದು, ಆದರೆ 2010ರಿಂದ ಟರ್ಮಿನಲ್ ಇರುವುದು ಕೆಂಜಾರಿನ ಕಡೆ. ಡ್ರೈವರ್ ಹೊಸಬರಾದರೆ ಕೆಂಜಾರು ಎಂದೇ ಹೇಳಿ.

ಬ್ಲಾಕ್ ಇಲ್ಲದ ದಿನ ಜಂಕ್ಷನ್ ತನಕ ಹೋಗುವುದರಲ್ಲಿ ತಪ್ಪೇನಿಲ್ಲ. ಜಂಕ್ಷನ್ ಇರುವ ಪಡೀಲಿನಿಂದ ನಂತೂರು, ಕೆಪಿಟಿ, ಯೆಯ್ಯಾಡಿ, ಬೊಂದೇಲ್, ಕಾವೂರು, ಮರವೂರು ಹೀಗೆ ದಾರಿ. ಸಂಜೆ ಹೊತ್ತು ನಂತೂರು ಸರ್ಕಲ್ ಒಂದೇ ನಿಮ್ಮ ಅರ್ಧ ಗಂಟೆ ತಿಂದುಬಿಡಬಹುದು. ಸೆಂಟ್ರಲ್ ತನಕ ಮಾತ್ರ ಹೋಗಬೇಡಿ, ಏರ್‌ಪೋರ್ಟಿನಿಂದ ಇನ್ನೂ ದೂರ ಹೋದ ಹಾಗೆ. ಮಳೆಗಾಲದಲ್ಲಂತೂ ನಾನು ಸುರತ್ಕಲ್ ಬಿಟ್ಟು ಮುಂದೆ ಹೋಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಪಡೀಲ್–ಕುಲಶೇಖರ ನಡುವೆ ಗುಡ್ಡ ಜರಿದು ಈ ಮಾರ್ಗದಲ್ಲಿ ಹಲವು ದಿನ ರೈಲು ಸಂಚಾರ ನಿಂತಿತ್ತು. ರಸ್ತೆಗೂ ಗ್ಯಾರಂಟಿ ಇಲ್ಲ ಅನ್ನಿ. 2021ರ ಜೂನ್‌ನಲ್ಲಿ ಮರವೂರು ಸೇತುವೆ ಕುಸಿದಾಗ ಪೇಟೆ ಕಡೆಯಿಂದ ಏರ್‌ಪೋರ್ಟಿಗೆ ಹೋಗುವವರು ಸುತ್ತಿ ಬಳಸಿ ಹೋಗಬೇಕಾಯಿತು. ಉಡುಪಿ ಕಡೆಯಿಂದ ಕಟೀಲು ಅಥವಾ ಕಾಟಿಪಳ್ಳ ಮೇಲೆ ಬರುವವರಿಗೆ ಆ ಸೇತುವೆಯೇ ಬೇಕಾಗಿಲ್ಲ.

ಕೆಲವೊಮ್ಮೆ ರಿಪೇರಿ ಹಳಿಯದ್ದಲ್ಲ, ರನ್‌ವೇಯದ್ದೂ ಆಗಿರುತ್ತದೆ. 2023ರ ಜನವರಿ 27ರಿಂದ ರನ್‌ವೇ ಕೆಲಸಕ್ಕೆಂದು ಬೆಳಿಗ್ಗೆ 9.30ರಿಂದ ಸಂಜೆ 6ರ ತನಕ ವಿಮಾನ ಓಡಾಟ ನಿಲ್ಲಿಸಿದ್ದರು. ಹಾಗೆ ಆದಾಗ ವಿಮಾನಗಳೆಲ್ಲ ಬೆಳಿಗ್ಗೆ, ರಾತ್ರಿಗೆ ಸೇರಿಕೊಳ್ಳುತ್ತವೆ. ಆದ್ದರಿಂದ ರೈಲು ಟಿಕೆಟ್ ಮಾಡುವ ಮೊದಲು ವಿಮಾನದ ಹೊಸ ಟೈಮ್ ನೋಡಿ.

ದುಡ್ಡಿನ ವಿಷಯ. ರಿಸರ್ವೇಶನ್ ಇದ್ದು, ನೀವು ಹತ್ತುವ ಸ್ಟೇಷನ್ನಿಗೆ ರೈಲು ಮೂರು ಗಂಟೆಗಿಂತ ಜಾಸ್ತಿ ತಡ ಎಂದಾದರೆ ಪ್ರಯಾಣ ಬಿಟ್ಟು ಪೂರ್ತಿ ಹಣ ವಾಪಸ್ ಕೇಳಬಹುದು. ಆದರೆ ಆ ರೈಲು ಅಲ್ಲಿಂದ ಹೊರಡುವ ಮೊದಲೇ ಟಿಡಿಆರ್, ಅಂದರೆ ಹಣ ವಾಪಸಿನ ಅರ್ಜಿ, ಹಾಕಬೇಕು. ಇ–ಟಿಕೆಟ್ ಇದ್ದು ರೈಲೇ ರದ್ದಾದರೆ ಹಣ ತಾನಾಗಿ ಬರುತ್ತದೆ. ನಡುದಾರಿಯಲ್ಲಿ ನೀವಾಗಿಯೇ ಇಳಿದರೆ ಉಳಿದ ದೂರದ ಹಣ ಬರುವುದಿಲ್ಲ. ಉಡುಪಿಯಿಂದ ಸುರತ್ಕಲ್‌ಗೆ ಜನರಲ್ ಟಿಕೆಟ್ ಎಷ್ಟು ಅಗ್ಗ ಎಂದರೆ ಅದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ.

ವಿಮಾನದಲ್ಲಿ ಬಂದು ಉಡುಪಿಗೆ ಹೋಗುವವರು ಇದೇ ದಾರಿಯನ್ನು ತಿರುಗಿಸಿ ಯೋಚಿಸಬೇಡಿ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನವೇ ಬೆಂಗಳೂರಿಗೋ ಕೊಚ್ಚಿಗೋ ತಿರುಗಿ ಹೋಗುವುದುಂಟು, ರೈಲಿನ ಟೈಮ್ ಹಿಡಿಯಲು ಆಗುವುದಿಲ್ಲ. ಹಗಲಾದರೆ ಬಜಪೆಗೆ ಬಂದು ಕಟೀಲು, ಕಿನ್ನಿಗೋಳಿ ಕಡೆಯ ಬಸ್ ಹಿಡಿದು ಮೂಲ್ಕಿಯಲ್ಲಿ ಉಡುಪಿ ಬಸ್ಸಿಗೆ ಹತ್ತಬಹುದು. ರಾತ್ರಿಯಾದರೆ ಮನೆಯಿಂದ ಕಾರು ತರಿಸಿಕೊಳ್ಳಿ, ಇಲ್ಲವೇ ಏರ್‌ಪೋರ್ಟಿನಲ್ಲೇ ಟ್ಯಾಕ್ಸಿ ಮಾಡಿ.