ತಾರಸಿಯ ವಾಟ, ನೆತ್ತಿಯ ಸೂರ್ಯ

ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿ ಮೇಲಿದ್ದಾನೆ ಅಂತ ದಿನಾ ಹೇಳುತ್ತೇವೆ. ನಿಜಕ್ಕೂ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಆ ಹೊತ್ತಿಗೆ ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ, ಅದೇ ನೆರಳಿಲ್ಲದ ದಿನ. ಆ ತಾರೀಕನ್ನು ತಾರಸಿ ಮೇಲೆ ನಾವೇ ಅಳೆದು ತೆಗೆಯಬಹುದು. ಚಿತ್ರದುರ್ಗ ಇರುವುದು 14.23 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರಕ್ಕೆ ಸರಿಯುವ ಸೂರ್ಯ ಏಪ್ರಿಲ್ 28ರ ಹೊತ್ತಿಗೆ ಅಲ್ಲಿಗೆ ಮುಟ್ಟುತ್ತಾನೆ, ಹಿಂತಿರುಗುವಾಗ ಆಗಸ್ಟ್ 14ಕ್ಕೆ ಮತ್ತೊಮ್ಮೆ. ದಾವಣಗೆರೆ ಇನ್ನೂ ಚೂರು ಉತ್ತರಕ್ಕಿದೆ, 14.46. ಹಾಗಾಗಿ ಅಲ್ಲಿ ಏಪ್ರಿಲ್ 29 ಮತ್ತು ಆಗಸ್ಟ್ 13. ಆಗಸ್ಟಿನ ಮೋಡವನ್ನು ನಂಬುವ ಹಾಗಿಲ್ಲ, ಏಪ್ರಿಲ್ಲೇ ಸರಿ. ಬಿಸಿಲು ಬೇಕಾದಷ್ಟಿದೆ.

ಹೊತ್ತು ಹನ್ನೆರಡಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ದುರ್ಗ 76.4ರಲ್ಲಿದೆ. 6.1 ಡಿಗ್ರಿ ವ್ಯತ್ಯಾಸ, ಡಿಗ್ರಿಗೆ 4 ನಿಮಿಷದಂತೆ 24 ನಿಮಿಷ ತಡ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಗಡಿಯಾರಕ್ಕಿಂತ ಎರಡೂವರೆ ನಿಮಿಷ ಮುಂದಿರುತ್ತಾನೆ, ಅದನ್ನು ಕಳೆದರೆ 12:22. ದಾವಣಗೆರೆಯಲ್ಲಿ 12:24.

ಅವತ್ತು ಸಾಮಾನ್ಯವಾಗಿ ಆಗುವುದೇನೆಂದರೆ, ತಾರಸಿ ಮೇಲೆ ಬಾಟಲಿ ನಿಲ್ಲಿಸಿ, ನೆರಳು ಮಾಯವಾಯಿತು ಅಂತ ಫೋಟೊ ಹೊಡೆದು ಇಳಿದು ಬರುವುದು. ನೋಡಲು ಚೆಂದ, ಆದರೆ ಅದರಿಂದ ತಾರೀಕು ಗೊತ್ತಾಗುವುದಿಲ್ಲ. ಆ ದಿನಗಳಲ್ಲಿ ಸೂರ್ಯ ದಿನಕ್ಕೆ ಸರಿಯುವುದು ಸುಮಾರು 0.32 ಡಿಗ್ರಿ. 30 ಸೆಂ.ಮೀ. ಎತ್ತರದ ಬಾಟಲಿಗೆ ಅದು 1.7 ಮಿ.ಮೀ. ನೆರಳು. ಸೂರ್ಯನ ಬಿಂಬವೇ ಅರ್ಧ ಡಿಗ್ರಿ ಅಗಲ, ಹಾಗಾಗಿ ನೆರಳಿನ ಅಂಚೇ ಹತ್ತಿರ ಹತ್ತಿರ 3 ಮಿ.ಮೀ. ಮಸುಕು. 27, 28, 29 ಮೂರೂ ದಿನ ಕಣ್ಣಿಗೆ ಒಂದೇ. ಮೇಲಾಗಿ ಮಳೆ ನೀರು ಹರಿಯಲಿ ಅಂತ ಗಾರೆಯವರು ತಾರಸಿಗೆ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದು ವಾಟವಿದ್ದರೆ ಬಾಟಲಿ 0.57 ಡಿಗ್ರಿ ವಾಲಿರುತ್ತದೆ. ವಾಟ ಉತ್ತರಕ್ಕೋ ದಕ್ಷಿಣಕ್ಕೋ ಇದ್ದರೆ ನೆರಳಿಲ್ಲದ ದಿನ ಎರಡು ದಿನ ಆಚೀಚೆಯಾಗುತ್ತದೆ. ಪೂರ್ವ ಪಶ್ಚಿಮಕ್ಕಿದ್ದರೆ ಹೊತ್ತು ಎರಡು ನಿಮಿಷ ತಪ್ಪುತ್ತದೆ.

ಕೋಲನ್ನು ರಸಮಟ್ಟ ಇಟ್ಟು ನೆಟ್ಟಗೆ ನಿಲ್ಲಿಸಲು ಹೆಣಗುವುದಕ್ಕಿಂತ ಕೋಲನ್ನೇ ಬಿಡುವುದು ಸುಲಭ. ಬೇಕಿರುವುದು ಎತ್ತರದಲ್ಲಿ ಒಂದು ತೂತು, ಅದರ ನೇರ ಕೆಳಗೆ ಒಂದು ಗುರುತು, ಅಷ್ಟೇ.

ಅರ್ಧ ಇಂಚಿನ ಪಿವಿಸಿ ಪೈಪು, ಒಂದು ಮೀಟರಿಗಿಂತ ತುಸು ಉದ್ದದ್ದು. ಅದರ ತುದಿಗೆ ಎಲ್ಬೊ, ಎಲ್ಬೊಗೆ 40 ಸೆಂ.ಮೀ. ಅಡ್ಡ ತುಂಡು. ಬುಡವನ್ನು ಹಳೇ ಪೇಂಟ್ ಡಬ್ಬಿಯಲ್ಲಿ ನಿಲ್ಲಿಸಿ ಮರಳು ತುಂಬಿ. ಡಬ್ಬಿ ದಕ್ಷಿಣಕ್ಕಿರಲಿ, ಅಡ್ಡ ತುಂಡು ಉತ್ತರಕ್ಕೆ ಚಾಚಲಿ. ತುದಿಗೆ ಅಂಗೈಯಗಲದ ರಟ್ಟು, ರಟ್ಟಿನ ನಡುವೆ 3 ಮಿ.ಮೀ. ಬೋಲ್ಟಿನ ವಾಷರ್ ಅಂಟಿಸಿ ಅದರ ತೂತಿನಷ್ಟೇ ರಟ್ಟನ್ನು ಕೊರೆಯಿರಿ. ರಟ್ಟಿಗೆ ಬರೀ ಸೂಜಿ ಚುಚ್ಚಿದರೆ ಅಂಚು ಹರಿದು ಬೆಳಕಿನ ಚುಕ್ಕೆ ಸೊಟ್ಟಗೆ ಬೀಳುತ್ತದೆ. ತೂತು ನೆಲದಿಂದ ಒಂದು ಮೀಟರ್ ಎತ್ತರದಲ್ಲಿರಲಿ. ನೆಲಕ್ಕೆ ಡ್ರಾಯಿಂಗ್ ಹಾಳೆಯನ್ನು ಟೇಪಿನಿಂದ ಅಂಟಿಸಿದರೆ ಸಲಕರಣೆ ಮುಗಿಯಿತು. ತೂತಿನ ಮೂಲಕ ಸೂರ್ಯನನ್ನು ಮಾತ್ರ ಇಣುಕಬೇಡಿ.

ದಾರಕ್ಕೆ ಬೆಂಕಿಕಡ್ಡಿ ಕಟ್ಟಿ ವಾಷರ್ ಮೇಲೆ ಅಡ್ಡ ಇಡಿ, ದಾರ ತೂತಿನ ನಡುವೆ ಇಳಿಯಲಿ. ತುದಿಗೆ ತೂಗುಗುಂಡು, ಇಲ್ಲದಿದ್ದರೆ ದಪ್ಪ ನಟ್ಟು. ಅದು ತೋರಿಸಿದ ಜಾಗವೇ ಬುಡದ ಗುರುತು. ಪೈಪು ವಾಲಿದ್ದರೂ ಚಿಂತೆಯಿಲ್ಲ, ದಾರ ವಾಲುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಇರುವ ತನಕ ನೆಲದ ವಾಟವೂ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಕಿರಣವೂ ದಾರವೂ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಇಳಿಯುತ್ತವೆ. ಡಿಸೆಂಬರಿನಲ್ಲಿ ಚುಕ್ಕೆ 77 ಸೆಂ.ಮೀ. ಆಚೆ ಬಿದ್ದಾಗ ಅದೇ ವಾಟ 6 ಮಿ.ಮೀ. ತಪ್ಪಿಸುತ್ತದೆ, ಆಗ ಹಲಗೆ ಹಾಕಿ ಮಟ್ಟ ಮಾಡಿಕೊಳ್ಳಬೇಕು.

ಎರಡು ತೊಂದರೆ ಇವೆ. ಒಂದು ಗಾಳಿ, ಅದಕ್ಕೆ ಗುಂಡು ಭಾರವಿರಬೇಕು. ಇನ್ನೊಂದು, ಪಿವಿಸಿ ಬಿಸಿಲಿಗೆ ಮೆತ್ತಗಾಗಿ ಬಾಗುತ್ತದೆ. ಬೆಳಗಿನ ಗುರುತು ಮಧ್ಯಾಹ್ನಕ್ಕೆ ಸುಳ್ಳಾಗಿರುತ್ತದೆ. 12:05ಕ್ಕೊಮ್ಮೆ, 12:40ಕ್ಕೊಮ್ಮೆ ಗುಂಡು ಇಳಿಬಿಡಿ. ಎರಡಕ್ಕೂ 2 ಮಿ.ಮೀ. ಮೇಲೆ ಅಂತರವಿದ್ದರೆ ಆ ದಿನದ ಅಳತೆ ಬಿಟ್ಟುಬಿಡಿ.

ಹಾಳೆ ಮೇಲೆ ಬೀಳುವ ಚುಕ್ಕೆ ಸುಮಾರು 12 ಮಿ.ಮೀ. ಅಗಲ, ತೂತಿನ ಆಕಾರವಲ್ಲ ಅದು, ಸೂರ್ಯನ ಬಿಂಬ. ನಿಮಿಷಕ್ಕೆ 4 ಮಿ.ಮೀ. ಮೇಲೆ ಪೂರ್ವಕ್ಕೆ ಓಡುತ್ತದೆ. 12:10ರಿಂದ 12:34ರ ತನಕ ಎರಡು ನಿಮಿಷಕ್ಕೊಮ್ಮೆ ಅದರ ಎರಡೂ ಅಂಚು ಗುರುತಿಸಿ ನಡು ತೆಗೆಯಿರಿ. ನಡುಗಳನ್ನು ಸೇರಿಸಿದರೆ ಪೂರ್ವ ಪಶ್ಚಿಮ ಗೆರೆ. ಬುಡದ ಗುರುತಿನಿಂದ ಆ ಗೆರೆಗೆ ಮೂಲೆಮಟ್ಟ ಹಿಡಿದು ಅಳೆದ ದೂರವೇ ಆ ದಿನದ ಲೆಕ್ಕ. ಹೀಗೆ ಮಾಡಿದರೆ ಗಡಿಯಾರ ತಪ್ಪಿದ್ದರೂ ನಡೆಯುತ್ತದೆ. ಮೊಬೈಲಿನ ದಿಕ್ಸೂಚಿಯಂತೂ ಬೇಡವೇ ಬೇಡ, ತಾರಸಿಯೊಳಗಿನ ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ.

ಏಪ್ರಿಲ್ 18ಕ್ಕೆ ದುರ್ಗದಲ್ಲಿ ಗೆರೆ ಬುಡದ ಗುರುತಿನಿಂದ 58 ಮಿ.ಮೀ. ಉತ್ತರಕ್ಕೆ ಬೀಳಬೇಕು, ಮೇ 8ಕ್ಕೆ 51 ಮಿ.ಮೀ. ದಕ್ಷಿಣಕ್ಕೆ. ನಡುವಿನ ಹತ್ತು ಹನ್ನೆರಡು ದಿನ ಅಳೆದು ಗ್ರಾಫ್ ಹಾಳೆಯಲ್ಲಿ ಹಾಕಿದರೆ ಸೊನ್ನೆ ದಾಟುವ ತಾರೀಕು ತಾನೇ ಕಾಣುತ್ತದೆ. 28ರಂದು ಮೋಡವಿದ್ದರೂ ನಷ್ಟವಿಲ್ಲ. ತುದಿಯ ಎರಡೇ ಬಿಂದು ಸೇರಿಸಿ ಸ್ಕೇಲ್ ಎಳೆದರೆ ಮಾತ್ರ ಅರ್ಧ ದಿನ ತಪ್ಪುತ್ತೀರಿ. ಜೂನ್ 21 ಹತ್ತಿರವಾದಂತೆ ಸೂರ್ಯನ ಉತ್ತರದ ನಡಿಗೆ ನಿಧಾನವಾಗುತ್ತದೆ, ಹಾಗಾಗಿ ಗ್ರಾಫಿನ ಗೆರೆ ಮೆಲ್ಲಗೆ ಬಾಗಿದೆ.

ಇದೇ ಸಲಕರಣೆಯಿಂದ ಭೂಮಿಯ ಸುತ್ತಳತೆಯನ್ನೂ ತೆಗೆಯಬಹುದು, ಆದರೆ ದುರ್ಗ ದಾವಣಗೆರೆ ಜೋಡಿಯಿಂದ ಆಗದು. ರಸ್ತೆಯಲ್ಲಿ ಸುಮಾರು 60 ಕಿ.ಮೀ. ಇದ್ದರೂ ಉತ್ತರ ದಕ್ಷಿಣ ಅಂತರ 25 ಕಿ.ಮೀ. ಮಾತ್ರ. ಮೀಟರಿಗೆ 4 ಮಿ.ಮೀ. ವ್ಯತ್ಯಾಸ, ಅಷ್ಟರಲ್ಲಿ ಒಂದು ಮಿ.ಮೀ. ತಪ್ಪಿದರೂ ಉತ್ತರ ಕಾಲುಭಾಗ ಕೆಡುತ್ತದೆ. ಬೀದರಿನಲ್ಲಿ ಯಾರಾದರೂ ಇದ್ದರೆ ಒಳ್ಳೆಯದು. ಏಪ್ರಿಲ್ 28ರಂದು ಅಲ್ಲಿ ಗೆರೆ ಬುಡದಿಂದ 65 ಮಿ.ಮೀ. ಉತ್ತರಕ್ಕೆ, ಅಂದರೆ 3.7 ಡಿಗ್ರಿ. ನಕ್ಷೆಯಲ್ಲಿ ನೇರ ಉತ್ತರ ದಕ್ಷಿಣ ದೂರ 408 ಕಿ.ಮೀ. ಸುಮಾರು. 3.7 ಡಿಗ್ರಿಗೆ ಇಷ್ಟು ದೂರವಾದರೆ ಇಡೀ ಸುತ್ತಿನ 360 ಡಿಗ್ರಿಗೆ ಎಷ್ಟು ಅನ್ನುವುದೇ ಲೆಕ್ಕ. 408ನ್ನು 360ರಿಂದ ಗುಣಿಸಿ 3.7ರಿಂದ ಭಾಗಿಸಿದರೆ 39,700 ಕಿ.ಮೀ. ಬರುತ್ತದೆ, ಧ್ರುವಗಳ ಮೂಲಕ ಹಾಯುವ ಸುತ್ತಳತೆ 40,008. ಅಲ್ಲಿಯವರಿಗೆ ನಮ್ಮ 12:22 ಹೇಳಬೇಡಿ, ಬೀದರಿನ ಮಧ್ಯಾಹ್ನ 12:18ಕ್ಕೇ ದಾಟಿರುತ್ತದೆ.