ಬಾದಾಮಿಗೆ ಹೊರಟವರು ಅಳತೆ ಟೇಪು ಇಟ್ಟುಕೊಳ್ಳಿ

ಬಾದಾಮಿ, ಪಟ್ಟದಕಲ್ಲು, ಐಹೊಳೆ ಎಂದರೆ ಶಾಲಾ ಪ್ರವಾಸದ ಕಾಲದಿಂದಲೂ ಕಲ್ಲು, ಕಂಬ, ಶಾಸನಗಳ ದಾರಿ. ಮನೆಯಲ್ಲಿ ಹೊಲಿಗೆ ಮಷಿನ್ ಇರುವವರಿಗೆ ಇದು ಬಟ್ಟೆಯ ದಾರಿಯೂ ಹೌದು. ಬಾದಾಮಿಯ ಒಂದು ಮಗ್ಗುಲಿಗೆ ಖಣ ಎಂಬ ಜಂಪರ್ (ರವಿಕೆ) ಬಟ್ಟೆ ನೇಯುವ ಗುಳೇದಗುಡ್ಡ, ಐಹೊಳೆಯಿಂದಾಚೆ ಅಮೀನಗಡ, ಹುನಗುಂದ ದಾಟಿದರೆ ಸೀರೆಯ ಊರು ಇಳಕಲ್. ಶನಿವಾರ ಬೆಳಿಗ್ಗೆ ಬಾದಾಮಿಗೆ ಬಂದಿಳಿದು, ಭಾನುವಾರ ಸಂಜೆ ಇಳಕಲ್‌ನಿಂದ ಮನೆಯ ಕಡೆ ತಿರುಗಿದರೆ ಎಲ್ಲವೂ ಆಗುತ್ತದೆ. ಹುಬ್ಬಳ್ಳಿಯಿಂದ ಬಾದಾಮಿಗೆ ಸುಮಾರು 110 ಕಿಲೋಮೀಟರ್. ಮೈಸೂರು, ಬೆಂಗಳೂರಿನವರಿಗೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಇದೆ. ಬಾದಾಮಿ ನಿಲ್ದಾಣ ಊರಿನಿಂದ 5 ಕಿಲೋಮೀಟರ್ ದೂರ, ಆಟೊ ಮಾಡಲೇಬೇಕು. ಮುಂದಿನ ತಿರುಗಾಟಕ್ಕೆ ಬಾದಾಮಿಯಲ್ಲೇ ಒಂದು ಗಾಡಿ ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಬದಲಿಸುತ್ತ ಹೋದರೆ ಎರಡನೇ ದಿನ ಇಳಕಲ್ ಕೈತಪ್ಪುತ್ತದೆ.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಬರೆದುಕೊಳ್ಳುವುದು. ಯಾರಿಗೆ ಏನು ಹೊಲಿಯಬೇಕು, ಅವರ ಎದೆ, ಭುಜ, ತೋಳಿನ ಉದ್ದ, ಹೆಣ್ಣುಮಗುವಿದ್ದರೆ ಸೊಂಟದಿಂದ ಪಾದದ ಗಂಟಿನವರೆಗಿನ ಅಳತೆ. ಇಷ್ಟು ಚೀಟಿಯಲ್ಲಿಲ್ಲದೆ ಖಣದ ಅಂಗಡಿಗೆ ಹೋದವರು ಬಣ್ಣ ನೋಡಿ ಮರುಳಾಗಿ ಅಂದಾಜಿನಲ್ಲಿ ಕತ್ತರಿಸಿಕೊಂಡು ಬರುತ್ತಾರೆ. ಮನೆಗೆ ಬಂದ ಮೇಲೆ ತೋಳಿಗೆ 4 ಇಂಚು ಸಾಲುವುದಿಲ್ಲ. ಟೇಪಿನ ಜೊತೆಗೆ ಒಂದು ಬಿಳಿ ಕರವಸ್ತ್ರವನ್ನೂ ಇಟ್ಟುಕೊಳ್ಳಿ, ಅದರ ಕೆಲಸ ಮುಂದೆ ಬರುತ್ತದೆ. ಜಂಪರ್ ಹೊಂದಿಸಬೇಕಾದ ಹಳೆಯ ಸೀರೆ ಇದ್ದರೆ ಅದನ್ನೇ ಚೀಲಕ್ಕೆ ಹಾಕಿ. ಮೊಬೈಲ್ ಫೋಟೊದಲ್ಲಿ ದಾಳಿಂಬೆ ಕೆಂಪು ಯಾವತ್ತೂ ದಾಳಿಂಬೆ ಕೆಂಪಾಗಿ ಕಾಣುವುದಿಲ್ಲ.

ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಈ ಸೀಮೆ ನೋಡಲು ಚೆಂದ. ಎರೆ ಹೊಲಗಳಲ್ಲಿ ಬಿಳಿಜೋಳ ಎದ್ದಿರುತ್ತದೆ, ಬಿಸಿಲಿಗೂ ತಡೆದುಕೊಳ್ಳಬಹುದಾದ ಹದ. ಮಾರ್ಚ್ ನಂತರ ಮಧ್ಯಾಹ್ನದ ಬಂಡೆ ಅಂಗಾಲು ಸುಡುತ್ತದೆ. ಬಾದಾಮಿ ಗುಹೆಗಳನ್ನು ಬೆಳಿಗ್ಗೆಯೇ ಮುಗಿಸಿ. ದಾರಿಯೆಲ್ಲ ಮೆಟ್ಟಿಲು, ಕೂಸುಗಾಡಿ ನಡೆಯುವುದಿಲ್ಲ. ಮಂಗಗಳ ಕಾಟ ಬಹಳ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಿಸ್ಕತ್ತು ಪೊಟ್ಟಣ ಕಂಡರೆ ಕಿತ್ತುಕೊಳ್ಳುತ್ತವೆ. ಮೂರನೇ ಗುಹೆಯ ಮಂಗಳೇಶನ ಶಾಸನ ಕ್ರಿ.ಶ. 578ರದ್ದು. ಅಲ್ಲಿ ನಿಂತು ಅಗಸ್ತ್ಯ ತೀರ್ಥದ ಕಡೆ ನೋಡಿಕೊಂಡರೆ ಗುಹೆಗಳ ಮಟ್ಟಿಗೆ ಬಾದಾಮಿ ಮುಗಿಯಿತು. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಊಟಕ್ಕೆ ಬನಶಂಕರಿ, ಬಾದಾಮಿಯಿಂದ 5 ಕಿಲೋಮೀಟರ್. ಹೊಂಡದ ಸುತ್ತಮುತ್ತ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳ ಹತ್ತಿರ ಜೋಳದ ರೊಟ್ಟಿ, ಎಣ್ಣೆಗಾಯಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಮಕ್ಕಳಿಗೆ ಕೊಡುವ ಮುಂಚೆ ಚಟ್ನಿಯನ್ನು ಮೊಸರಲ್ಲಿ ಕಲಸಿಕೊಳ್ಳಿ. ಪುಷ್ಯ ಮಾಸದ ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ ಈ ಕಾರ್ಯಕ್ರಮ ಬೇಡ. ಜಾತ್ರೆ ನೋಡುವುದಾದರೆ ಜಾತ್ರೆಗೆಂದೇ ಬರಬೇಕು.

ಗುಳೇದಗುಡ್ಡಕ್ಕೆ ಮಧ್ಯಾಹ್ನ. ಬಾದಾಮಿಯಿಂದ 20–25 ಕಿಲೋಮೀಟರಿನ ಗುಡ್ಡಗಳ ನಡುವಿನ ದಾರಿ. ಗುಳೇದಗುಡ್ಡ ರೋಡ್ ಎಂಬ ರೈಲು ನಿಲ್ದಾಣವಿದೆ, ಆದರೆ ಹೆಸರು ನಂಬಿ ಇಳಿಯಬೇಡಿ, ಊರು ಅಲ್ಲಿಂದ ದೂರ. ಓಣಿಗಳಲ್ಲಿ ನಡೆದರೆ ಕೆಲವು ಮನೆಗಳಿಂದ ಇನ್ನೂ ಕೈಮಗ್ಗದ ಸದ್ದು ಕೇಳುತ್ತದೆ. ಕೇಳಿಕೊಂಡು ಒಳಗೆ ಹೋದರೆ ತೋರಿಸುತ್ತಾರೆ, ಆದರೆ ಹಾಸಿನ ಮೇಲೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಮೇಲೆ, ಮಕ್ಕಳ ಕೈ ಬೀಳದ ಹಾಗೆ ನೋಡಿಕೊಳ್ಳಿ. ಒಂದು ಎಳೆ ಕಡಿದರೆ ಅದನ್ನು ಹುಡುಕಿ ಗಂಟು ಹಾಕುವವರೆಗೂ ಅವರ ಕೆಲಸ ನಿಂತಂತೆ. ಅಮಾವಾಸ್ಯೆಯ ದಿನ ನೇಕಾರರ ಮನೆಗಳಲ್ಲಿ ಮಗ್ಗಕ್ಕೆ ಬಿಡುವು ಇರುವುದರಿಂದ ಹೊರಡುವ ಮುಂಚೆ ಪಂಚಾಂಗ ನೋಡಿಕೊಳ್ಳಿ.

ಇಳಕಲ್ ಸೀರೆಗೆ ಹಿಂದೆ ಜಂಪರ್ ತುಂಡು ಕೂಡಿ ಬರುತ್ತಿರಲಿಲ್ಲ. ಅದಕ್ಕೆ ಬೇರೆಯೇ ಬಟ್ಟೆ, ಅದೇ ಖಣ. ಅದರ ಅಗಲ ಸುಮಾರು 31 ಇಂಚು, ಎರಡೂ ಅಂಚಿಗೆ ದಡಿ, ಮೈತುಂಬ ಸಣ್ಣ ಹೆಣಿಗೆ: ತೇರು, ಸೂರ್ಯನಾರಾಯಣ, ಆನೆ ಹೆಜ್ಜೆ, ಮಲ್ಲಿಗೆ ಮೊಗ್ಗು. ಹೆಣಿಗೆ ಮೂಡುವುದು ಹಾಸಿನಲ್ಲಿರುವ ಹೆಚ್ಚುವರಿ ಎಳೆಗಳಿಂದ, ಆದ್ದರಿಂದ ಬಟ್ಟೆಯ ಹಿಂಬದಿಯಲ್ಲಿ ಆ ಎಳೆಗಳು ಸಡಿಲವಾಗಿ ಸಾಗಿರುತ್ತವೆ. ಹೊಲಿಯುವವರಿಗೆ ಮುಖ್ಯವಾದ ಸಂಗತಿ ಇದು. ಅಸ್ತರ್ (ಒಳಪದರದ ಬಟ್ಟೆ) ಇಲ್ಲದೆ ಜಂಪರ್ ಹೊಲಿದರೆ ಬಳೆ, ಉಂಗುರ ಆ ಎಳೆಗೆ ಸಿಕ್ಕಿ ಮುಂಬದಿಯ ಹೂವು ಎಳೆದುಕೊಳ್ಳುತ್ತದೆ. ಕತ್ತರಿಸಿದ ಅಂಚು ಬೇಗ ಬಿಚ್ಚಿಕೊಳ್ಳುವುದರಿಂದ ಹೊಲಿಗೆಯಾಚೆ ಅರ್ಧ ಇಂಚಿಗಿಂತ ಕಡಿಮೆ ಬಿಡಬೇಡಿ, ಕತ್ತರಿಸಿದ ಕೂಡಲೇ ಇಂಟರ್‌ಲಾಕ್ ಹೊಡೆಯಿರಿ. ಇಸ್ತ್ರಿ ಹಿಂಬದಿಯಿಂದ, ಮೇಲೊಂದು ಹತ್ತಿ ಬಟ್ಟೆ ಹಾಸಿ, ಸಾಧಾರಣ ಕಾವಿನಲ್ಲಿ.

ಎಷ್ಟು ಬಟ್ಟೆ ಬೇಕು? ಮಾಮೂಲಿ ಜಂಪರ್ ಬಟ್ಟೆಯ ಅಗಲ 36 ಇಂಚು ಇರುವಲ್ಲಿ 80 ಸೆಂಟಿಮೀಟರ್ ಸಾಕಾಗುತ್ತದೆ. ಖಣಕ್ಕೆ ಆ ಲೆಕ್ಕ ಹಿಡಿಯಬೇಡಿ. ಅಗಲ ಕಡಿಮೆ, ಮೇಲಾಗಿ ತೋಳಿನ ತುದಿಗೆ ದಡಿ ಬರಬೇಕು. 36ರ ಎದೆಯಳತೆಗೆ, 10 ಇಂಚಿನ ತೋಳಿಗೆ 1 ಮೀಟರ್ ಕೇಳಿ.

ಖಣದ ನಿಜವಾದ ಸೊಗಸು ಮಕ್ಕಳ ಲಂಗದಲ್ಲಿ, ಅಂದರೆ ಪರಕಾರದಲ್ಲಿ. ಆರು ವರ್ಷದ ಹುಡುಗಿಗೆ ಲಂಗದ ಉದ್ದ 24 ಇಂಚು ಎಂದುಕೊಳ್ಳಿ. ಬಟ್ಟೆಯನ್ನು ಅಡ್ಡ ಹಿಡಿಯಬೇಕು. ಬಟ್ಟೆಯ ಅಗಲವೇ ಲಂಗದ ಉದ್ದ, ಬಟ್ಟೆಯ ಉದ್ದವೇ ಲಂಗದ ಸುತ್ತಳತೆ. ಕೆಳಗಿನ ದಡಿ ಹಾಗೇ ಅಂಚಾಗುವುದರಿಂದ ಮಡಚಿ ಹೊಲಿಯುವ ಕೆಲಸವೂ ಉಳಿಯಿತು. 2.5 ಮೀಟರ್ ತೆಗೆದುಕೊಂಡರೆ ಸುಮಾರು 98 ಇಂಚು ಘೇರು, 22 ಇಂಚಿನ ಸೊಂಟಕ್ಕೆ ನೆರಿಗೆ ತುಂಬಿ ನಿಲ್ಲುತ್ತದೆ. ಈಗ 31 ಇಂಚನ್ನು ಹಂಚಿ: ಉದ್ದಕ್ಕೆ 24, ಮೇಲಿನ ಹೊಲಿಗೆಗೆ ಅರ್ಧ ಇಂಚು, ನಡುವೆ ಎರಡು ಬಿಚ್ಚುಮಡಿಕೆಗೆ 3. ಮುಕ್ಕಾಲು ಇಂಚು ಆಳದ ಒಂದು ಮಡಿಕೆ ಒಂದೂವರೆ ಇಂಚು ಬಟ್ಟೆ ನುಂಗುತ್ತದೆ, ಹುಡುಗಿ ಬೆಳೆದ ಹಾಗೆ ಒಂದೊಂದೇ ಬಿಚ್ಚಿದರೆ ಪ್ರತಿ ಸಲ ಒಂದೂವರೆ ಇಂಚು ಉದ್ದ ಸಿಗುತ್ತದೆ. ಒಟ್ಟು 27.5 ಆಯಿತು. ಮೇಲೆ ಉಳಿಯುವ 3.5 ಇಂಚಿನ, ದಡಿ ಸಮೇತದ ಪಟ್ಟಿಯನ್ನು ಮೊದಲೇ ಕತ್ತರಿಸಿ ತೆಗೆಯಿರಿ. ಸೊಂಟಪಟ್ಟಿಯೂ ಪೋಲಕದ ತೋಳಿನ ಅಂಚೂ ಅದರಲ್ಲೇ ಬರುತ್ತವೆ. ಮಡಿಕೆ ಹೊಲಿಯುವಾಗ ಮಷಿನ್ ಹೊಲಿಗೆ ಉದ್ದ 4 ಮಿಲಿಮೀಟರ್ ಇರಲಿ, ಮುಂದೆ ಬಿಚ್ಚುವಾಗ ಬಟ್ಟೆ ಹರಿಯುವುದಿಲ್ಲ. ಬಿಚ್ಚಿದ ಜಾಗದಲ್ಲಿ ಬಣ್ಣದ ಗೆರೆ ಕಾಣುತ್ತದಲ್ಲ ಎನ್ನುವವರು ಅದರ ಮೇಲೆ ಒಂದು ಸಣ್ಣ ಪಟ್ಟಿ ಕೂರಿಸಬಹುದು. ಹಳೆಯ ಪರಕಾರಗಳಲ್ಲಿ ಆ ಗೆರೆ ಇದ್ದೇ ಇರುತ್ತದೆ. ಒಂದು ಎಚ್ಚರಿಕೆ: ಬಟ್ಟೆ ಅಡ್ಡ ತಿರುಗಿದಾಗ ಹೆಣಿಗೆಯೂ ತಿರುಗುತ್ತದೆ. ಮೊಗ್ಗು, ಚಿಕ್ಕಿಗೆ ಯಾವ ದಿಕ್ಕಾದರೂ ಸರಿ. ತೇರಿನದಾದರೆ ಅಂಗಡಿಯಲ್ಲೇ ಬಟ್ಟೆಯನ್ನು ಸೊಂಟಕ್ಕೆ ಹಿಡಿದು ನೋಡಿ, ತೇರು ಮಗ್ಗುಲಾಗಿ ಬಿದ್ದಿದ್ದರೆ ಬೇರೆ ತೆಗೆಸಿ.

ರಾತ್ರಿ ಬಾದಾಮಿಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಪಟ್ಟದಕಲ್ಲು, 22 ಕಿಲೋಮೀಟರ್. 1987ರಿಂದ ಯುನೆಸ್ಕೊ ಪಟ್ಟಿಯಲ್ಲಿರುವ ಜಾಗ. ಹುಲ್ಲುಹಾಸು ಇರುವುದರಿಂದ ಮಕ್ಕಳು ಓಡಾಡಿಕೊಂಡಿರುತ್ತಾರೆ. ಐಹೊಳೆಯಲ್ಲಿ ಸಮಯ ಕಡಿಮೆ ಇದ್ದರೆ ದುರ್ಗದ ಗುಡಿಯ ನಂತರ ನೇರ ರಾವಳಫಡಿಗೆ ಹೋಗಿ. ಅಲ್ಲಿ ಗೋಡೆಯಲ್ಲಿ ಕುಣಿಯುವ ಶಿವ ಮತ್ತು ಮಾತೃಕೆಯರ ಉಡುಗೆ ನೋಡಿ: ಸೊಂಟದಿಂದ ಕೆಳಗೆ ಒತ್ತೊತ್ತಾಗಿ ಕೊರೆದ ಗೆರೆಗಳು, ನೆರಿಗೆ ಹಿಡಿದ ತೆಳು ಬಟ್ಟೆ ತೊಡೆಗೆ ಅಂಟಿ ಬಿದ್ದ ಹಾಗೆ. ನೆರಿಗೆ ಹಿಡಿದು ಗೊತ್ತಿದ್ದವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಅಂಟು, ಕೊಬ್ಬರಿ, ಬೆಲ್ಲ, ಒಣಹಣ್ಣುಗಳ ಈ ಸಿಹಿ ಕಾರಿನ ಕಾವಿಗೆ ಜಿನುಗುತ್ತದೆ, ಬಟ್ಟೆಯ ಚೀಲದಲ್ಲಿ ಮಾತ್ರ ಇಡಬೇಡಿ.

ಇಳಕಲ್‌ನಲ್ಲಿ ನೋಡಬೇಕಾದ್ದು ಕೊಂಡಿ. ಇಲ್ಲಿ ಸೀರೆಯ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಸಾಮಾನ್ಯವಾಗಿ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ ಅಥವಾ ಚಮಕ, ಅಂದರೆ ರೇಯಾನಿನ ಕೃತಕ ರೇಷ್ಮೆ. ಮೈಯ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ ಎರಡನ್ನೂ ಕೂಡಿಸುತ್ತಾರೆ. ಹೆಚ್ಚಾಗಿ ಮನೆಯ ಹೆಂಗಸರ ಕೆಲಸ ಇದು, ಗಂಟೆಗಟ್ಟಲೆ ಬಗ್ಗಿ ಕೂತು ಮಾಡುವಂಥದ್ದು. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕಾದ್ದರಿಂದ ಒಂದು ಹಾಸಿನಲ್ಲಿ ಒಂದೇ ಸೀರೆ. ಹತ್ತಾರು ಸೀರೆಯ ಹಾಸನ್ನು ಒಟ್ಟಿಗೆ ಸುತ್ತಿಟ್ಟು ನೇಯುವ ಅನುಕೂಲ ಇಲ್ಲಿಲ್ಲ. ಎರಡೂ ದಡಿಗೆ ಒಂದೊಂದು, ಮೈಗೆ ಒಂದು, ಹೀಗೆ ಮೂರು ಲಾಳಿ ಓಡುತ್ತವೆ. ಹಾಗಾಗಿ ದಡಿಯ ಬಣ್ಣದಲ್ಲಿ ಮೈಯ ಬಣ್ಣ ಬೆರೆಯುವುದಿಲ್ಲ. ಸೆರಗಿನಲ್ಲಿ ಕೆಂಪು ಮೂರು ಪಟ್ಟಿ, ನಡುವೆ ಬಿಳಿ ಎರಡು, ಅವು ಸೇರುವಲ್ಲಿ ಹಲ್ಲುಹಲ್ಲಾಗಿ ಗೋಪುರದಂಥ ತೆನಿ. ಇದೇ ಟೋಪು ತೆನಿ ಸೆರಗು. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಯತ್ರಿ ಎಂದು ಬಗೆಗಳಿವೆ.

ಪವರ್‌ಲೂಮಿನ ಸೀರೆ ಕೆಟ್ಟದ್ದೇನಲ್ಲ, ದಿನಬಳಕೆಗೆ ಆದೀತು. ಕೈಮಗ್ಗದ ಬೆಲೆಗೆ ಅದನ್ನು ಕೊಳ್ಳಬಾರದು ಅಷ್ಟೆ. ಗುರುತಿಸುವುದು ಹೀಗೆ: ಸೆರಗು ಶುರುವಾಗುವ ಗೆರೆಯನ್ನು ಹಿಂಬದಿಯಿಂದ ಬೆಳಕಿಗೆ ಹಿಡಿಯಿರಿ. ಕೊಂಡಿ ಇದ್ದರೆ ಸೀರೆಯ ಅಗಲಕ್ಕೂ ಸಣ್ಣ ಕುಣಿಕೆಗಳ ಸಾಲು ಬೆರಳಿಗೆ ಸಿಗುತ್ತದೆ. ಆಮೇಲೆ ಸೆರಗಿನ ಕೆಂಪು ನೋಡಿ. ಹಾಸು, ಹೊಕ್ಕು (ಅಡ್ಡ ಎಳೆ) ಎರಡೂ ಕೆಂಪಾಗಿದ್ದರೆ ಬಣ್ಣ ಗಾಢವಾಗಿ ಒಂದೇ ಸಮ ಇರುತ್ತದೆ. ಮೈಯ ಹಸಿರು ಹಾಸೇ ಸೆರಗಿಗೂ ಸಾಗಿದ್ದರೆ ಕೆಂಪು ಮಂಕಾಗಿ, ಓರೆ ಮಾಡಿದಾಗ ಹಸಿರು ಇಣುಕುತ್ತದೆ. ರೇಷ್ಮೆ ಎಂದರೆ ಕುಚ್ಚಿನ ಒಂದು ಎಳೆ ಕೇಳಿ ತೆಗೆದು ಅಂಗಡಿಯ ಹೊರಗೆ ಸುಡಿ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಚಮಕ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಳಿ ಕರವಸ್ತ್ರದ ಮೂಲೆ ಒದ್ದೆ ಮಾಡಿ ಸೆರಗಿನ ಕೆಂಪಿನ ಮೇಲೆ ಒತ್ತಿ ಉಜ್ಜಿ. ತುಸು ಗುಲಾಬಿ ಬಂದರೆ ಸರಿ, ಕರವಸ್ತ್ರ ಕೆಂಪಾದರೆ ಮೊದಲ ಒಗೆತಕ್ಕೇ ತೆನಿಯ ಬಿಳಿ ಹೋಯಿತೆಂದು ತಿಳಿಯಿರಿ. ಉದ್ದವನ್ನೂ ಕೇಳಿ: 6, 8, 9 ಗಜದವು ಸಿಗುತ್ತವೆ. ಕಚ್ಚೆ ಹಾಕಿ ಉಡುವವರಿಗೆ 9 ಗಜ ಬೇಕು.

ಕಸೂತಿ ಹಾಕುವ ಮನಸ್ಸಿದ್ದರೆ ಚಿಕ್ಕಿ ಚಿಕ್ಕಿಯ ಮೈ ಬಿಟ್ಟು ಖಾಲಿ ಮೈಯ ಸೀರೆ ಆರಿಸಿ. ಗವಂತಿ, ಮುರಗಿ, ನೇಗಿ, ಮೆಂತಿ, ಈ ನಾಲ್ಕೂ ಎಳೆ ಎಣಿಸಿ ಹಾಕುವ ಹೊಲಿಗೆಗಳು, ಪೆನ್ಸಿಲಿನಲ್ಲಿ ಗೆರೆ ಬರೆದುಕೊಳ್ಳುವ ಪದ್ಧತಿಯಿಲ್ಲ. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಖಾಲಿ ಜಾಗ ತುಂಬಬೇಕು. ಹಾಗಾಗಿ ಎರಡೂ ಬದಿ ಒಂದೇ ಥರ ಕಾಣುತ್ತದೆ. ಗಂಟು ಹಾಕುವಂತಿಲ್ಲ. 3 ಇಂಚು ದಾರ ಬಿಟ್ಟು ಶುರುಮಾಡಿ, ಕೊನೆಗೆ ಆ ಬಾಲವನ್ನು ಹೊಲಿಗೆಯೊಳಗೇ ಹೆಣೆದುಬಿಡಿ. ಹೊಸಬರು ತಪ್ಪುವುದು ಮರಳಿ ಬರುವಾಗ: ನಾಲ್ಕು ಎಳೆಯ ಬದಲು ಐದು ಹಿಡಿದರೆ ಗೋಪುರದ ತುದಿ ಸೇರುವುದಿಲ್ಲ, ಅಷ್ಟೂ ಬಿಚ್ಚಬೇಕು. ಮಕ್ಕಳಿಗೆ ಮೊದಲು ಮ್ಯಾಟಿ ಬಟ್ಟೆಯ ಮೇಲೆ ಕಲಿಸಿ, ಅದರ ಚೌಕಗಳು ಎಣಿಸಲು ಸುಲಭ. ಸೀರೆಯ ಎಳೆ ಕಣ್ಣಿಗೆ ನಿಲ್ಲದಿದ್ದರೆ ಮೇಲೆ ತೆಳು ಜಾಳಿಗೆಯನ್ನು ಹೊಲಿದುಕೊಂಡು ಅದರ ಕಣ್ಣು ಎಣಿಸಿ ಕಸೂತಿ ಹಾಕಿ, ಮುಗಿದ ಮೇಲೆ ಜಾಳಿಗೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬಹುದು.

ಮನೆಗೆ ಬಂದ ಮೇಲೆ ಖಣ ಮತ್ತು ಅಸ್ತರ್ ಎರಡನ್ನೂ ಬೇರೆ ಬೇರೆ ನೀರಲ್ಲಿ ಒಂದು ಗಂಟೆ ನೆನೆಸಿ ನೆರಳಿಗೆ ಒಣಗಿಸಿ, ಆಮೇಲೆ ಕತ್ತರಿಸಿ. ಇದನ್ನು ಬಿಟ್ಟರೆ ಮೊದಲ ಒಗೆತದಲ್ಲಿ ಅಸ್ತರ್ ಕುಗ್ಗಿ ಜಂಪರಿನ ಬೆನ್ನು ಉಬ್ಬುತ್ತದೆ. ಉಪ್ಪುನೀರಲ್ಲಿಟ್ಟರೆ ಬಣ್ಣ ನಿಲ್ಲುತ್ತದೆಂಬ ಮಾತನ್ನು ಹೆಚ್ಚು ನೆಚ್ಚಬೇಡಿ. ಸರಿಯಾಗಿ ಕೂರದ ಬಣ್ಣವನ್ನು ಉಪ್ಪು ಹಿಡಿದಿಡುವುದಿಲ್ಲ. ಇಳಕಲ್ ಸೀರೆಯನ್ನು ತಣ್ಣೀರಲ್ಲಿ ಬೇಗ ಜಾಲಿಸಿ, ಹಿಂಡದೆ, ಸೆರಗು ಮೈಗೆ ತಾಗದ ಹಾಗೆ ಹರವಿ. ಒದ್ದೆ ಸೀರೆಯನ್ನು ಬಕೆಟ್ಟಿನಲ್ಲಿ ಮುದುಡಿ ಬಿಟ್ಟಾಗಲೇ ಕೆಂಪು ಬಿಳಿಗೆ ಹತ್ತುವುದು. ಫಾಲ್ ಹತ್ತಿಯದೇ ಇರಲಿ, ಅದನ್ನೂ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ ಮೇಲೆ ಹಚ್ಚಿ. ದಡಿಯ ಬಣ್ಣದ ದಾರದಲ್ಲಿ, ಸೂಜಿಗೆ ದಡಿಯ ಒಂದೆರಡು ಎಳೆ ಮಾತ್ರ ಸಿಗುವಂತೆ ಕೈಹೊಲಿಗೆ ಹಾಕಿ. ಮಷಿನ್ ಹೊಲಿಗೆಯ ಗೆರೆ ಗಾಢ ದಡಿಯ ಮೇಲೆ ಎದ್ದು ಕಾಣುತ್ತದೆ.